ಗಾಂಜಾ ನಿಷೇಧಕ್ಕೆ 40 ವರ್ಷ: ಸಿಕ್ಕಿಬಿದ್ದವರು ಯಾರು, ದುಡ್ಡು ಮಾಡಿದವರು ಯಾರು?

ಈ ಸುದ್ದಿ ಎಲ್ಲರಿಗೂ ಬಾಯಿಪಾಠ. ‘ಕೆರೆ ಏರಿ ಬಳಿ ಗಾಂಜಾ ಸೇವನೆ, ಇಬ್ಬರು ಯುವಕರು ವಶಕ್ಕೆ’. ‘ಅನುಮಾನಾಸ್ಪದವಾಗಿ ಓಡಾಡುತ್ತಿದ್ದವನ ವೈದ್ಯಕೀಯ ಪರೀಕ್ಷೆ, ಸೇವನೆ ದೃಢ’. ವಾರಕ್ಕೊಂದಾದರೂ ಬರುತ್ತೆ. ಹೆಸರು, ಊರು, ಠಾಣೆ ಬದಲಾಗುತ್ತೆ ಅಷ್ಟೆ. ಅದರಲ್ಲಿ ಬದಲಾಗದೇ ಇರೋ ಇನ್ನೊಂದು ಸಾಲೂ ಇರುತ್ತೆ: ‘ಅಪರಿಚಿತ ವ್ಯಕ್ತಿಯಿಂದ ಖರೀದಿಸಿದ್ದಾಗಿ ತಿಳಿಸಿದ್ದಾನೆ’. ಆ ಅಪರಿಚಿತ ವ್ಯಕ್ತಿಯ ಫೋಟೊ ಮಾತ್ರ ಪೇಪರಿನಲ್ಲಿ ಬರೋದು ಅಪರೂಪ.

ಮಾದಕ ದ್ರವ್ಯ ಮತ್ತು ಅಮಲು ಪದಾರ್ಥಗಳ ಕಾಯ್ದೆ, ಅಂದರೆ ಎನ್‌ಡಿಪಿಎಸ್ ಕಾಯ್ದೆ, ಜಾರಿಗೆ ಬಂದದ್ದು 1985ರ ನವೆಂಬರ್ 14ರಂದು. 40 ವರ್ಷ ಕಳೆದಿದೆ. ಕಾಯ್ದೆಯ ಉದ್ದೇಶ ಗಾಂಜಾ ಇಲ್ಲದಂತೆ ಮಾಡುವುದಾಗಿತ್ತು. ಈಗ ತಾಲೂಕು ಕೇಂದ್ರದ ಯಾವುದೇ ಕಾಲೇಜಿನ ಹುಡುಗರನ್ನು ಕೇಳಿದರೂ ‘ಸೊಪ್ಪು’ ಎಲ್ಲಿ ಸಿಗುತ್ತೆ ಅಂತ ಹೇಳಬಲ್ಲವನು ಒಬ್ಬನಾದರೂ ಇರ್ತಾನೆ. ಹಾಗಿದ್ದ ಮೇಲೆ ಈ ನಿಷೇಧ ಯಾರನ್ನು ತಡೆದಿದೆ, ಯಾರನ್ನು ಕಾಪಾಡಿದೆ ಎಂಬ ಲೆಕ್ಕ ಕೇಳುವುದು ತಪ್ಪಲ್ಲ. ಲೆಕ್ಕ ಕೇಳಿದವರೆಲ್ಲ ಗಾಂಜಾ ಸೇದುವವರೂ ಅಲ್ಲ.

ಮೊದಲು ಸಿಕ್ಕಿಬಿದ್ದ ಹುಡುಗನ ಕಥೆ ನೋಡಿ. ಗಾಂಜಾ ಸೇದಿದ್ದಕ್ಕೆ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೆ ಜೈಲು ಅಥವಾ 10 ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ಒಂದು ಕೆ.ಜಿ.ವರೆಗೆ ಇಟ್ಟುಕೊಂಡಿದ್ದರೆ ಅದು ‘ಅಲ್ಪ ಪ್ರಮಾಣ’, ಒಂದು ವರ್ಷದವರೆಗೆ ಶಿಕ್ಷೆ. 20 ಕೆ.ಜಿ. ದಾಟಿದರೆ ‘ವಾಣಿಜ್ಯ ಪ್ರಮಾಣ’, 10ರಿಂದ 20 ವರ್ಷ ಕಠಿಣ ಸಜೆ, ಜಾಮೀನು ಕೂಡ ಬಹಳ ಕಷ್ಟ. ಕಾಗದದ ಮೇಲೆ ನೋಡಿದರೆ ಸಣ್ಣವರಿಗೆ ಸಣ್ಣ ಶಿಕ್ಷೆ, ಸರಿಯಾಗೇ ಇದೆ ಅನ್ನಿಸುತ್ತೆ. ಆದರೆ ಶಿಕ್ಷೆ ಶುರುವಾಗೋದು ತೀರ್ಪಿನಿಂದ ಅಲ್ಲ. ವಕೀಲರ ಫೀಸು, ತಿಂಗಳಿಗೊಂದು ಕೋರ್ಟ್ ದಿನಾಂಕ, ಕೂಲಿ ಬಿಟ್ಟು ಅಪ್ಪ ಜೊತೆಗೆ ಬರೋದು, ಆಮೇಲೆ ಕೆಲಸಕ್ಕೆ ಪೊಲೀಸ್ ವೆರಿಫಿಕೇಶನ್ ಬಂದಾಗ ಹಳೇ ಕೇಸು ಎದ್ದು ಕೂರೋದು. ಇನ್ನು ಮೂತ್ರ ಪರೀಕ್ಷೆ. ದಿನಾ ಸೇದುವವನಲ್ಲಿ ಗಾಂಜಾದ ಅಂಶ ವಾರಗಟ್ಟಲೆ ಸಿಗುತ್ತೆ. ಆ ಹೊತ್ತಿನಲ್ಲಿ ಅವನು ಅಮಲಿನಲ್ಲಿ ಇದ್ದನೋ ಇಲ್ಲವೋ ಅನ್ನೋದನ್ನ ಆ ಪರೀಕ್ಷೆ ಹೇಳೋದಿಲ್ಲ.

ಅದೇ ಸಂಜೆ ಬಸ್ ಸ್ಟ್ಯಾಂಡ್ ಪಕ್ಕದ ಬಾರ್‌ನಲ್ಲಿ ಕುಡಿದು, ಬೈಕ್ ಹತ್ತಿ, ಮನೆಗೆ ಹೋಗಿ ಹೆಂಡತಿಗೆ ಹೊಡೆದವನ ಬಗ್ಗೆ ಸಾಮಾನ್ಯವಾಗಿ ಒಂದು ಸಾಲೂ ಬರೋದಿಲ್ಲ.

ಈ ಹೋಲಿಕೆ ಸುಮ್ಮನೆ ಮಾಡಿದ್ದಲ್ಲ. ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ಸಮೀಕ್ಷೆ ನಡೆಸಿ 2019ರಲ್ಲಿ ವರದಿ ಕೊಟ್ಟಿತ್ತು. ಅದರ ಪ್ರಕಾರ ದೇಶದಲ್ಲಿ ಮದ್ಯ ಸೇವಿಸುವವರು ಸುಮಾರು 16 ಕೋಟಿ, ಅದರಲ್ಲಿ ಕುಡಿತದಿಂದಲೇ ತೊಂದರೆಗೆ ಬಿದ್ದು ನೆರವು ಬೇಕಾದವರು 5.7 ಕೋಟಿ. ಭಂಗಿ, ಗಾಂಜಾ, ಚರಸ್ ಎಲ್ಲ ಸೇರಿಸಿದರೆ ಸೇವಿಸುವವರು ಸುಮಾರು 3.1 ಕೋಟಿ, ನೆರವು ಬೇಕಾದವರು 72 ಲಕ್ಷ. 72 ಲಕ್ಷ ಅಂದರೆ ಕಡಿಮೆ ಅಲ್ಲ, ಅದನ್ನು ಮುಚ್ಚಿಡಬೇಕಾಗಿಯೂ ಇಲ್ಲ. ಆದರೆ 5.7 ಕೋಟಿ ಜನರನ್ನು ತೊಂದರೆಗೆ ಸಿಕ್ಕಿಸಿದ ಪದಾರ್ಥವನ್ನು ಸರ್ಕಾರ ತಾನೇ ಎಂಎಸ್‌ಐಎಲ್ ಮಳಿಗೆಯಲ್ಲಿ ಬಿಲ್ ಹಾಕಿ ಮಾರುತ್ತೆ. ಅಬಕಾರಿಯಿಂದ ರಾಜ್ಯಕ್ಕೆ ವರ್ಷಕ್ಕೆ 30 ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಆದಾಯ ಬರುತ್ತೆ. ಇನ್ನೊಂದಕ್ಕೆ ಬೇಡಿ ಹಾಕುತ್ತೆ. ಯಾವ ತಕ್ಕಡಿಯಲ್ಲಿ ತೂಗಿದರು ಅನ್ನೋದೇ ಪ್ರಶ್ನೆ.

ಹಿಂದೆ ಒಮ್ಮೆ ತೂಗಿದ್ದೂ ಉಂಟು. ಬ್ರಿಟಿಷರ ಕಾಲದಲ್ಲಿ, 1893ರಲ್ಲಿ, ಗಾಂಜಾ-ಭಂಗಿಯ ಬಗ್ಗೆ ತನಿಖೆ ಮಾಡಲು ಒಂದು ಆಯೋಗ ರಚನೆಯಾಯಿತು. ಸಾವಿರಕ್ಕೂ ಹೆಚ್ಚು ಸಾಕ್ಷಿಗಳನ್ನು ವಿಚಾರಿಸಿ, ಹುಚ್ಚಾಸ್ಪತ್ರೆಗಳ ದಾಖಲೆಗಳನ್ನೂ ತೆಗೆಸಿ ನೋಡಿ, ಏಳು ಸಂಪುಟದ ವರದಿ ಬರೆದರು. ಮಿತವಾಗಿ ಬಳಸಿದರೆ ಹೇಳಿಕೊಳ್ಳುವಂಥ ಹಾನಿ ಇಲ್ಲ, ಅತಿಯಾದರೆ ಹಾನಿ ಇದೆ, ಪೂರ್ತಿ ನಿಷೇಧ ಬೇಡ, ಲೈಸೆನ್ಸ್ ಮತ್ತು ತೆರಿಗೆಯಿಂದ ಹಿಡಿತದಲ್ಲಿಡಿ ಎಂಬುದು ಅದರ ಸಾರಾಂಶ. ಬ್ರಿಟಿಷರಿಗೆ ತೆರಿಗೆಯ ಆಸೆ ಇದ್ದೇ ಇತ್ತು, ಅದನ್ನು ಮರೆಯೋದು ಬೇಡ. ಆದರೂ ಅಷ್ಟು ವಿವರವಾದ ತನಿಖೆ ನಂತರ 1985ರಲ್ಲಿ ನಿಷೇಧ ತರುವಾಗ ನಡೆಯಲಿಲ್ಲ. ಆಗ ಇದ್ದದ್ದು 1961ರ ಅಂತರರಾಷ್ಟ್ರೀಯ ಒಪ್ಪಂದದ ಗಡುವು. ಔಷಧಕ್ಕೆ ಬಿಟ್ಟು ಬೇರೆ ಬಳಕೆಯನ್ನು 25 ವರ್ಷದೊಳಗೆ ನಿಲ್ಲಿಸುತ್ತೇವೆ ಅಂತ ಭಾರತ ಒಪ್ಪಿಕೊಂಡಿತ್ತು. ಹಾಗೆ ನೋಡಿದರೆ 2020ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಾದಕ ದ್ರವ್ಯ ಆಯೋಗ ಗಾಂಜಾವನ್ನು ಅತಿ ಅಪಾಯಕಾರಿ ಪಟ್ಟಿಯಿಂದ ಕೈಬಿಟ್ಟಾಗ, 27-25ರ ಆ ಮತದಾನದಲ್ಲಿ ಭಾರತವೂ ಕೈಬಿಡುವ ಪರವಾಗಿಯೇ ಮತ ಹಾಕಿತು. ಅಲ್ಲಿ ಒಂದು ಮಾತು, ಇಲ್ಲಿ ಠಾಣೆಯಲ್ಲಿ ಇನ್ನೊಂದು.

ಎಲೆಗೆ ಒಂದು ನ್ಯಾಯ, ಹೂವಿಗೆ ಒಂದು

ಕಾಯ್ದೆಯೊಳಗಿನ ಗೊಂದಲ ಇನ್ನೂ ಮಜವಾಗಿದೆ. ಕಾಯ್ದೆ ಹೇಳುವ ‘ಗಾಂಜಾ’ ಅಂದರೆ ಗಿಡದ ಹೂ-ಕಾಯಿ ಬಿಟ್ಟ ತುದಿ ಮಾತ್ರ. ಆ ತುದಿ ಜೊತೆಗಿಲ್ಲದಿದ್ದರೆ ಬರೀ ಎಲೆ, ಬೀಜ ಗಾಂಜಾ ಅಲ್ಲ. ಹಾಗಾಗಿ ಎಲೆಯಿಂದ ಮಾಡಿದ ಭಂಗಿ ಎನ್‌ಡಿಪಿಎಸ್‌ಗೆ ಬರೋದಿಲ್ಲ. ಉತ್ತರ ಪ್ರದೇಶ, ರಾಜಸ್ಥಾನದಲ್ಲಿ ಸರ್ಕಾರಿ ಲೈಸೆನ್ಸ್ ಇರುವ ಭಂಗಿ ಅಂಗಡಿಗಳೇ ಇವೆ. 2022ರಲ್ಲಿ ಕರ್ನಾಟಕ ಹೈಕೋರ್ಟ್ ಕೂಡ ಬೆಂಗಳೂರಿನ ಒಂದು ಪ್ರಕರಣದಲ್ಲಿ ಭಂಗಿ ಈ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲವೆಂದು ಗಮನಿಸಿ ಆರೋಪಿಗೆ ಜಾಮೀನು ಕೊಟ್ಟಿತು. (ಅಂಗಡಿಯವರು ಇದನ್ನು ಓದಿ ಭಂಗಿ ತರಿಸಿ ಇಟ್ಟೀರಿ, ಜೋಕೆ. ರಾಜ್ಯದ ಅಬಕಾರಿ ಕಾಯ್ದೆ ಬೇರೆ ಇದೆ, ಅದರಡಿ ಭಂಗಿಯೂ ಅಮಲು ಪದಾರ್ಥವೇ.)

ನಮ್ಮ ರಾಜ್ಯದಲ್ಲೇ ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರ ಸನ್ನಿಧಿಯಲ್ಲಿ ಗಾಂಜಾ ಪ್ರಸಾದವಾಗಿ ಬಳಕೆಯಾಗುತ್ತದೆಂದು 2020ರಲ್ಲಿ ವರದಿಗಳು ಬಂದಿದ್ದವು. ಆರೂಢ, ಅವಧೂತ ಪರಂಪರೆಯ ಸಾಧುಗಳ ಚಿಲುಮೆ ಹಳ್ಳಿಯವರಿಗೆ ಹೊಸದಲ್ಲ. ಪರಂಪರೆ ಇದೆ ಅಂದ ಮಾತ್ರಕ್ಕೆ ಎಲ್ಲವೂ ಸರಿ ಅಂತಲ್ಲ. ಆದರೆ 1985ರ ತನಕ ಊರಿನ ರೂಢಿಯೇ ಅದನ್ನು ಅಂಕೆಯಲ್ಲಿಟ್ಟಿತ್ತು, ಪೊಲೀಸ್ ಕೇಸು ಬೇಕಾಗಿರಲಿಲ್ಲ.

ರೈತರ ವಿಷಯ ಇದಕ್ಕಿಂತ ಗಂಭೀರ. ಮೆಕ್ಕೆಜೋಳ, ಅರಿಶಿನ, ಕಬ್ಬಿನ ನಡುವೆ ಗಾಂಜಾ ಗಿಡ ಹಾಕಿ ಸಿಕ್ಕಿಬೀಳುವ ಪ್ರಕರಣಗಳು ಹನೂರು, ಕೊಳ್ಳೇಗಾಲ ಕಡೆಯಿಂದ ಮಲೆನಾಡಿನ ತನಕ ಆಗಾಗ ಬರುತ್ತವೆ. ಬೇಸಾಯಕ್ಕೆ 10 ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷದವರೆಗೆ ದಂಡ. ಇದರಲ್ಲಿ ಅಲ್ಪ, ವಾಣಿಜ್ಯ ಎಂಬ ಭೇದ ಇಲ್ಲ. ಹಿತ್ತಲಲ್ಲಿ ನಾಲ್ಕು ಗಿಡ ಇದ್ದವನಿಗೂ ಎಕರೆಗಟ್ಟಲೆ ಬೆಳೆದವನಿಗೂ ಸೆಕ್ಷನ್ ಒಂದೇ. ದಾಳಿ ಮಾಡಿದಾಗ ಬೇರು, ಕಾಂಡ, ಎಲೆ ಸಮೇತ ಹಸಿ ಗಿಡವನ್ನೇ ತೂಕ ಹಾಕಿ ‘ಇಷ್ಟು ಕೆ.ಜಿ. ಗಾಂಜಾ ವಶ’ ಅಂತ ಬರೆಯುವುದೂ ಉಂಟು. ಕಾಯ್ದೆ ಹೇಳೋದು ಹೂವಿನ ತುದಿಯ ಬಗ್ಗೆ ಮಾತ್ರ ಅಂತ ವಕೀಲರು ವಾದಿಸಿ, ಬೇರೆ ಬೇರೆ ಹೈಕೋರ್ಟುಗಳಲ್ಲಿ ಜಾಮೀನು ಪಡೆದ ಉದಾಹರಣೆಗಳಿವೆ. ಹೈಕೋರ್ಟಿನವರೆಗೆ ಹೋಗುವಷ್ಟು ದುಡ್ಡಿದ್ದವನು ಗಾಂಜಾ ಗಿಡ ಯಾಕೆ ಹಾಕ್ತಿದ್ದ ಅನ್ನೋದು ಬೇರೆ ಮಾತು.

ಇದೇ ಕಾಯ್ದೆಯಡಿ ಮಧ್ಯಪ್ರದೇಶದ ಮಂದಸೌರ್, ನೀಮಚ್, ರಾಜಸ್ಥಾನದ ಚಿತ್ತೋಡಗಢ ಕಡೆಯ ರೈತರು ಕೇಂದ್ರ ಸರ್ಕಾರದ ಲೈಸೆನ್ಸ್ ಪಡೆದು ಅಫೀಮು ಬೆಳೆಯುತ್ತಾರೆ. ಗಾಂಜಾಕ್ಕಿಂತ ಎಷ್ಟೋ ಪಾಲು ಅಪಾಯಕಾರಿ ಬೆಳೆ ಅದು. ಎಷ್ಟು ಜಾಗ, ಎಷ್ಟು ಇಳುವರಿ, ಯಾರಿಗೆ ಒಪ್ಪಿಸಬೇಕು ಎಲ್ಲಕ್ಕೂ ಲೆಕ್ಕ ಇದೆ. ಔಷಧಿ ತಯಾರಿಕೆಗೆ ಹೋಗುತ್ತೆ. ಲೆಕ್ಕ ಇಡೋಕೆ ಸರ್ಕಾರಕ್ಕೆ ಬರುತ್ತೆ ಅಂತಾಯ್ತಲ್ಲ. ಉತ್ತರಾಖಂಡ 2018ರಿಂದ ಅಮಲು ಅಂಶ ತೀರಾ ಕಡಿಮೆ ಇರುವ ತಳಿಯ ಗಾಂಜಾ ಜಾತಿಯ ಗಿಡವನ್ನು ನಾರು-ಬೀಜಕ್ಕಾಗಿ ಬೆಳೆಯಲು ಲೈಸೆನ್ಸ್ ಕೊಡುತ್ತಿದೆ. ಹಿಮಾಚಲ ಪ್ರದೇಶವೂ ಅದೇ ದಾರಿಯಲ್ಲಿದೆ.

ಮುಚ್ಚಿದರೆ ಏನಾಗುತ್ತೆ

ನಿಷೇಧ ಅಂದರೆ ಏನು ಅಂತ ಕರ್ನಾಟಕದ ಹಳ್ಳಿಗಳಿಗೆ ಯಾರೂ ಪಾಠ ಹೇಳಬೇಕಿಲ್ಲ. 2007ರ ಜುಲೈ 1ರಿಂದ ಸಾರಾಯಿ ಬಂದ್ ಆಯಿತು. ಸಾರಾಯಿ ಹೋಯಿತು, ಕುಡಿತ ಹೋಗಲಿಲ್ಲ. ಕಡಿಮೆ ಬೆಲೆಯ ವಿಸ್ಕಿ ಪ್ಯಾಕೆಟ್ ಬಂತು, ಬಾರ್ ಇಲ್ಲದ ಹಳ್ಳಿಯಲ್ಲಿ ಗೂಡಂಗಡಿಯಲ್ಲೇ ಹತ್ತಿಪ್ಪತ್ತು ರೂಪಾಯಿ ಜಾಸ್ತಿ ಇಟ್ಟು ಮಾರೋದು ಶುರುವಾಯಿತು. ಬಿಹಾರದಲ್ಲಿ 2016ರಿಂದ ಪೂರ್ಣ ಪಾನನಿಷೇಧ. 2022ರ ಡಿಸೆಂಬರ್‌ನಲ್ಲಿ ಸಾರಣ್ ಜಿಲ್ಲೆಯಲ್ಲಿ ಕಳ್ಳಭಟ್ಟಿ ಕುಡಿದು ಹತ್ತಾರು ಮಂದಿ ಸತ್ತರು.

ಕಳ್ಳ ವ್ಯಾಪಾರಕ್ಕೆ ತನ್ನದೇ ಲೆಕ್ಕಾಚಾರ ಇರುತ್ತೆ. ಸಿಕ್ಕಿಬೀಳುವ ಭಯ ಹೆಚ್ಚಾದಷ್ಟೂ ಜಾಗ ಕಡಿಮೆ ಹಿಡಿಯುವ, ಕಿಕ್ ಜಾಸ್ತಿ ಕೊಡುವ ಮಾಲಿಗೆ ಬೇಡಿಕೆ. ಆಂಧ್ರ-ಒಡಿಶಾ ಗಡಿಯ ಕಾಡಿನಿಂದ ಚೀಲಗಟ್ಟಲೆ ಗಾಂಜಾ ತರುವುದಕ್ಕಿಂತ ಜೇಬಿನಲ್ಲಿ ಹಿಡಿಸುವ ಮಾತ್ರೆ, ಪುಡಿ ಸುಲಭ. ವಾಸನೆಯೂ ಇಲ್ಲ. ಗಾಂಜಾ ಮಾರುವವನೇ ಮುಂದೆ ಎಂಡಿಎಂಎ ಮಾರುತ್ತಾನೆ, ಯಾಕಂದ್ರೆ ಗಿರಾಕಿ ಒಮ್ಮೆ ಅವನ ಹತ್ತಿರ ಬಂದಾಗಿದೆ. ‘ಗಾಂಜಾದಿಂದ ಶುರು ಮಾಡಿದವ ದೊಡ್ಡ ಡ್ರಗ್ಸ್‌ಗೆ ಹೋಗ್ತಾನೆ’ ಎಂಬ ಮಾತಿನಲ್ಲಿ ಸತ್ಯ ಎಷ್ಟಿದೆಯೋ, ಅದರಲ್ಲಿ ಈ ಒಂದೇ ಅಂಗಡಿಯ ಪಾತ್ರವೂ ಇದೆ. ಆ ಅಂಗಡಿಯವನು ವಯಸ್ಸು ಕೇಳುವುದಿಲ್ಲ, ಆಧಾರ್ ನೋಡುವುದಿಲ್ಲ. ಏಮ್ಸ್ ವರದಿಯಲ್ಲೇ ಇನ್ನೊಂದು ಅಂಶವಿದೆ: ಸೊಲ್ಯೂಶನ್, ವೈಟ್ನರ್ ಥರದ ವಸ್ತು ಮೂಸುವ ಚಟ ದೊಡ್ಡವರಿಗಿಂತ ಮಕ್ಕಳಲ್ಲೇ ಹೆಚ್ಚು. ಮಕ್ಕಳಲ್ಲಿ ಶೇ 1.17, ದೊಡ್ಡವರಲ್ಲಿ ಶೇ 0.58. ಅದನ್ನು ತಡೆಯುವ ಕೆಲಸ ಸೈಕಲ್ ಶಾಪ್, ಸ್ಟೇಷನರಿ ಅಂಗಡಿಯವರ ಕೈಯಲ್ಲಿ ಎನ್‌ಡಿಪಿಎಸ್ ಪೊಲೀಸರಿಗಿಂತ ಹೆಚ್ಚಿದೆ.

ಇನ್ನು ವಿರೋಧದ ವಾದಗಳು. ತಾಯಂದಿರ ಹೆದರಿಕೆಯನ್ನು ನಕ್ಕು ತಳ್ಳಿಹಾಕುವಂತಿಲ್ಲ. ಹದಿಹರೆಯದಲ್ಲಿ ದಿನಾ ಸೇದಿದರೆ ಓದು, ನೆನಪು ಕೆಡುತ್ತೆ. ಮನೆತನದಲ್ಲಿ ಮಾನಸಿಕ ಕಾಯಿಲೆ ಇದ್ದವರಿಗೆ ಸೈಕೋಸಿಸ್ ಬರುವ ಅಪಾಯ ಹೆಚ್ಚು. ಸೇದಿ ಗಾಡಿ ಓಡಿಸೋದು ಕುಡಿದು ಓಡಿಸಿದಷ್ಟೇ ಬೇಜವಾಬ್ದಾರಿ. ಇದನ್ನೆಲ್ಲ ಒಪ್ಪಿಕೊಂಡೇ ಮಾತಾಡಬೇಕು. ಒಪ್ಪಿಕೊಂಡ ಮೇಲೂ ಪ್ರಶ್ನೆ ಉಳಿಯುತ್ತೆ: ಈ ಅಪಾಯಗಳನ್ನು ಹಿಡಿತಕ್ಕೆ ತರೋದು ಲೈಸೆನ್ಸ್ ಇರುವ ಮಳಿಗೆಯೋ, ಕೆರೆ ಏರಿಯ ಅಪರಿಚಿತ ವ್ಯಕ್ತಿಯೋ?

ಬೇರೆ ದೇಶಗಳ ಅನುಭವ ಎರಡೂ ಥರ ಇದೆ. ಉರುಗ್ವೆ 2013ರಲ್ಲಿ, ಕೆನಡಾ 2018ರ ಅಕ್ಟೋಬರ್‌ನಲ್ಲಿ ಕಾನೂನುಬದ್ಧ ಮಾಡಿದವು. ಜರ್ಮನಿಯಲ್ಲಿ 2024ರ ಏಪ್ರಿಲ್‌ನಿಂದ ವಯಸ್ಕರು 25 ಗ್ರಾಂ ಜೊತೆಗಿಟ್ಟುಕೊಳ್ಳಬಹುದು, ಮನೆಯಲ್ಲಿ ಮೂರು ಗಿಡ ಬೆಳೆಸಬಹುದು. ಥಾಯ್ಲೆಂಡ್ 2022ರಲ್ಲಿ ಸರಿಯಾದ ನಿಯಮ ಬರೆಯದೇ ಬಾಗಿಲು ತೆರೆದುಬಿಟ್ಟಿತು, ಬೀದಿಗೊಂದು ಅಂಗಡಿ ಆಯಿತು, ಕೊನೆಗೆ 2025ರಲ್ಲಿ ವೈದ್ಯರ ಚೀಟಿ ಬೇಕು ಅಂತ ಹಿಂದೆ ಸರಿಯಿತು. ಕಾನೂನುಬದ್ಧ ಮಾಡೋಣ ಅನ್ನುವವರು ಮೊದಲು ಓದಬೇಕಾದ್ದು ಥಾಯ್ಲೆಂಡ್ ಕಥೆಯನ್ನೇ. ಮೊದಲು ನಿಯಮ, ಆಮೇಲೆ ಅಂಗಡಿ. ವಯಸ್ಸಿನ ಮಿತಿ, ಜಾಹೀರಾತಿಗೆ ನಿಷೇಧ, ಶಾಲೆಯಿಂದ ದೂರ, ಪ್ಯಾಕೆಟ್ ಮೇಲೆ ಅಮಲಿನ ಪ್ರಮಾಣ, ಬಂದ ತೆರಿಗೆಯಲ್ಲಿ ಒಂದು ಪಾಲು ತಾಲೂಕು ಆಸ್ಪತ್ರೆಯ ವ್ಯಸನಮುಕ್ತಿ ವಿಭಾಗಕ್ಕೆ. ಖಾಸಗಿ ಕಂಪನಿಗಳ ಕೈಗೆ ಕೊಟ್ಟರೆ ಮದ್ಯದ ಕಥೆಯೇ ಮತ್ತೆ ಆಗುತ್ತೆ.

ಅಷ್ಟೆಲ್ಲ ಆಗಬೇಕಾದರೆ ಸಂಸತ್ತಿನಲ್ಲಿ ತಿದ್ದುಪಡಿ ಬೇಕು. ವಿಧಾನಸೌಧದ ಕೈಯಲ್ಲಿ ಇರೋದು ಕಡಿಮೆ. ನಾರು-ಬೀಜದ ಬೇಸಾಯಕ್ಕೆ, ಔಷಧಿಗೆ ಅನುಮತಿ ಕೊಡುವ ದಾರಿ ಕಾಯ್ದೆಯಲ್ಲಿ ಈಗಲೇ ಇದೆ, ಕರ್ನಾಟಕ ಮನಸ್ಸು ಮಾಡಬಹುದು. ಸ್ವಂತ ಬಳಕೆಗೆ ಸ್ವಲ್ಪ ಇಟ್ಟುಕೊಂಡವರನ್ನು ಜೈಲಿನ ಬದಲು ಚಿಕಿತ್ಸೆಗೆ ಕಳಿಸಿ ಎಂಬ ಸಲಹೆ 2021ರಲ್ಲಿ ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯದಿಂದಲೇ ಹೋಗಿತ್ತು. ಕಾಯ್ದೆ ಮಾತ್ರ ಇನ್ನೂ ಹಾಗೆಯೇ ಇದೆ.

ಅದು ಬದಲಾಗುವ ತನಕ ಈಗಿನ ಕಾನೂನೇ ಕಾನೂನು. ಮನೆ, ಅಂಗಡಿ, ಗೋಡೌನ್ ಬಾಡಿಗೆಗೆ ಕೊಟ್ಟವರು 25ನೇ ಸೆಕ್ಷನ್ ನೆನಪಿಟ್ಟುಕೊಳ್ಳಿ: ಗೊತ್ತಿದ್ದೂ ಜಾಗ ಬಳಸಲು ಬಿಟ್ಟರೆ ಮಾಲೀಕನಿಗೂ ಅದೇ ಶಿಕ್ಷೆ. ಮೈ ತಪಾಸಣೆ ಮಾಡುವಾಗ ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟ್ ಎದುರು ಮಾಡಿ ಎಂದು ಕೇಳುವ ಹಕ್ಕು 50ನೇ ಸೆಕ್ಷನ್‌ನಲ್ಲಿದೆ, ಆ ಹಕ್ಕು ಇದೆ ಅಂತ ಪೊಲೀಸರೇ ಮೊದಲು ತಿಳಿಸಬೇಕು. ಮನೆಯಲ್ಲಿ ಚಟಕ್ಕೆ ಬಿದ್ದ ಹುಡುಗ ಇದ್ದರೆ 64ಎ ಸೆಕ್ಷನ್ ನೋಡಿ. ಸೇವನೆ ಅಥವಾ ಅಲ್ಪ ಪ್ರಮಾಣದ ಕೇಸಿನಲ್ಲಿ ತಾನಾಗಿ ಚಿಕಿತ್ಸೆಗೆ ಹೋಗಿ ಪೂರ್ತಿ ಮಾಡಿದ ವ್ಯಸನಿಗೆ ವಿಚಾರಣೆಯಿಂದ ವಿನಾಯಿತಿ ಸಿಗಲು ಅವಕಾಶ ಇದೆ. ಠಾಣೆಯಲ್ಲಿ ಇದನ್ನು ತಾವಾಗಿ ಹೇಳುವವರು ಕಡಿಮೆ, ವಕೀಲರನ್ನು ನೀವೇ ಕೇಳಬೇಕು. ವ್ಯಸನಮುಕ್ತಿಗೆ ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ 14446.