ರಾಜಕುಮಾರಿಗೆ ಸಿಕ್ಕ ಒಂದು ದಿನದ ರಜೆ



ಪ್ರೇಮಕಥೆಗೂ ಪ್ರಯಾಣಕ್ಕೂ ಹಳೆಯ ನಂಟು. ದುಷ್ಯಂತ ಮಹಾರಾಜ ಬೇಟೆಗೆಂದು ಕಾಡಿಗೆ ಹೋಗದೇ ಇದ್ದಿದ್ದರೆ ಕಣ್ವರ ಆಶ್ರಮದ ಶಕುಂತಲೆಯನ್ನು ನೋಡುತ್ತಲೇ ಇರಲಿಲ್ಲ. ಊರು ಬಿಟ್ಟು ಹೊರಟಾಗ ನಮ್ಮ ಮನೆತನ, ಹುದ್ದೆ, ದಿನದ ಗಡಿಬಿಡಿ ಎಲ್ಲವೂ ಹಿಂದೆ ಉಳಿಯುತ್ತವೆ. ಎದುರಿಗೆ ಸಿಕ್ಕವರು ನಮ್ಮನ್ನು ಬರೀ ಮನುಷ್ಯರನ್ನಾಗಿ ನೋಡುತ್ತಾರೆ. ನಮ್ಮ ಬಸ್ಸು, ರೈಲುಗಳಲ್ಲಿ ಮಾತ್ರ ಪಕ್ಕದವರು “ಯಾವೂರು? ಯಾರ ಪೈಕಿ?” ಎಂದು ಕೇಳದೆ ಬಿಡುವುದಿಲ್ಲ, ಆ ಮಾತು ಬೇರೆ!

ಆದರೆ ಶಕುಂತಲೆಯ ಕಷ್ಟ ಶುರುವಾದದ್ದು ಯಾವಾಗ? ರಾಜ ಊರಿಗೆ ಮರಳಿದ ಮೇಲೆ. ಕಾಳಿದಾಸನ ನಾಟಕದಲ್ಲಿ ದೂರ್ವಾಸರ ಶಾಪದಿಂದ ದುಷ್ಯಂತನಿಗೆ ಅವಳ ನೆನಪೇ ಅಳಿಸಿಹೋಗುತ್ತದೆ. ಹಾಗಾಗಿ ಪ್ರವಾಸದ ಪ್ರೇಮಕಥೆ ಓದುವಾಗ ನಾನು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ರಜೆ ಮುಗಿದ ಮೇಲೆ ಇವರು ಹೇಗೆ ನಡೆದುಕೊಂಡರು?

ಈ ಪ್ರಶ್ನೆಗೆ ಬಹಳ ಚೆಂದದ ಉತ್ತರ ಕೊಡುವ ಒಂದು ಸಿನಿಮಾ ಇದೆ. 1953ರಲ್ಲಿ ಬಂದ ‘ರೋಮನ್ ಹಾಲಿಡೇ’. ವಿಲಿಯಂ ವೈಲರ್ ನಿರ್ದೇಶನ. ಆಡ್ರಿ ಹೆಪ್‌ಬರ್ನ್ ಮತ್ತು ಗ್ರೆಗರಿ ಪೆಕ್ ನಾಯಕಿ, ನಾಯಕ. ಅಜ್ಜ-ಅಜ್ಜಿಯರಲ್ಲಿ ಕೆಲವರು ನೋಡಿರಬಹುದು. ಬಣ್ಣವಿಲ್ಲದ, ಕಪ್ಪು-ಬಿಳುಪಿನ ಚಿತ್ರ. ಮೊಮ್ಮಕ್ಕಳ ಜೊತೆ ಕೂತು ನೋಡಲು ಏನೂ ಮುಜುಗರವಿಲ್ಲ.

ಕಥೆ ಹೀಗಿದೆ. ಆ್ಯನ್ ಎಂಬ ರಾಜಕುಮಾರಿ ಯೂರೋಪಿನ ರಾಜಧಾನಿಗಳನ್ನೆಲ್ಲ ಸುತ್ತುತ್ತಾ ರೋಮ್ ನಗರಕ್ಕೆ ಬರುತ್ತಾಳೆ. ಬೆಳಗ್ಗೆ ಇಂಥ ಹೊತ್ತಿಗೆ ಇಂಥವರ ಭೇಟಿ, ಮಧ್ಯಾಹ್ನ ಭಾಷಣ, ರಾತ್ರಿ ಔತಣ. ನಗಬೇಕೆಂದಿದ್ದಾಗ ನಗಬೇಕು, ಕೈ ಕುಲುಕಬೇಕೆಂದಿದ್ದಾಗ ಕುಲುಕಬೇಕು. ಒಂದು ರಾತ್ರಿ ಅವಳಿಗೆ ಸಾಕಾಗಿ ಅಳು ಬಂದುಬಿಡುತ್ತದೆ. ವೈದ್ಯರು ನಿದ್ದೆ ಬರಲೆಂದು ಸೂಜಿ ಚುಚ್ಚಿ ಹೋಗುತ್ತಾರೆ. ಆದರೆ ಅವಳು ಕಣ್ತಪ್ಪಿಸಿ, ಸಾಮಾನು ತಂದ ಗಾಡಿಯಲ್ಲಿ ಅಡಗಿ ಊರೊಳಗೆ ಹೋಗಿಬಿಡುತ್ತಾಳೆ! ಅಷ್ಟರಲ್ಲಿ ಔಷಧಿ ಕೆಲಸ ಮಾಡುತ್ತದೆ. ರಸ್ತೆ ಬದಿಯಲ್ಲೇ ನಿದ್ದೆ.

ಆ ದಾರಿಯಲ್ಲಿ ಬಂದವನು ಜೋ ಬ್ರ್ಯಾಡ್ಲಿ, ಅಮೆರಿಕದ ಪತ್ರಕರ್ತ. ಅವಳು ಯಾರೆಂದು ಅವನಿಗೆ ಗೊತ್ತಿಲ್ಲ. ಪಾಪ, ಯಾರೋ ಹುಡುಗಿ ಎಂದು ತನ್ನ ಕೋಣೆಯಲ್ಲಿ ಮಲಗಲು ಜಾಗ ಕೊಡುತ್ತಾನೆ. ಮರುದಿನ ಪತ್ರಿಕೆಯಲ್ಲಿ ಅವಳ ಫೋಟೊ ನೋಡಿದಾಗ ಗೊತ್ತಾಗುತ್ತದೆ, ಮನೆಯಲ್ಲಿ ಮಲಗಿರುವುದು ರಾಜಕುಮಾರಿ! ಸಂಪಾದಕರ ಬಳಿ ಕೇಳುತ್ತಾನೆ: ರಾಜಕುಮಾರಿಯ ಒಳಗಿನ ಸುದ್ದಿ ತಂದರೆ ಎಷ್ಟು ಕೊಡುತ್ತೀರಿ? 5,000 ಡಾಲರ್‌ಗೆ ಮಾತಾಗುತ್ತದೆ. ಜೋಗೆ ಬಾಡಿಗೆ ಬಾಕಿ ಇದೆ, ನ್ಯೂಯಾರ್ಕ್‌ಗೆ ಮರಳುವ ಆಸೆಯಿದೆ. ಅವನಿಗೆ ಅದು ದೊಡ್ಡ ಹಣ.

ಅವನು ತಾನು ಪತ್ರಕರ್ತ ಎಂದು ಹೇಳುವುದಿಲ್ಲ. ಅವಳು ತಾನು ರಾಜಕುಮಾರಿ ಎಂದು ಹೇಳುವುದಿಲ್ಲ. ಹೀಗೆ ಇಬ್ಬರೂ ಸುಳ್ಳು ಹೇಳಿಕೊಂಡೇ ಒಂದು ದಿನದ ರಜೆಗೆ ಹೊರಡುತ್ತಾರೆ. ಜೋನ ಗೆಳೆಯ ಅರ್ವಿಂಗ್ ಸಿಗರೇಟು ಲೈಟರ್‌ನಂತೆ ಕಾಣುವ ಪುಟ್ಟ ಕ್ಯಾಮೆರಾದಲ್ಲಿ ಗುಟ್ಟಾಗಿ ಫೋಟೊ ತೆಗೆಯುತ್ತಾ ಹೋಗುತ್ತಾನೆ.

ರಾಜಕುಮಾರಿಗೆ ಬೇಕಾದದ್ದೆಲ್ಲ ತೀರಾ ಚಿಕ್ಕ ಚಿಕ್ಕ ಸಂಗತಿಗಳು. ಉದ್ದ ಕೂದಲು ಕತ್ತರಿಸಿಕೊಳ್ಳುವುದು. ಸ್ಪ್ಯಾನಿಷ್ ಸ್ಟೆಪ್ಸ್ ಎಂಬ ದೊಡ್ಡ ಮೆಟ್ಟಿಲುಗಳ ಮೇಲೆ ಕೂತು ಐಸ್‌ಕ್ರೀಂ ತಿನ್ನುವುದು. ವೆಸ್ಪಾ ಸ್ಕೂಟರಿನಲ್ಲಿ ಊರು ಸುತ್ತುವುದು. (ಇವತ್ತು ಆ ಮೆಟ್ಟಿಲುಗಳ ಮೇಲೆ ಯಾರೂ ಕೂರುವಂತಿಲ್ಲ. ಕಟ್ಟಡ ಹಾಳಾಗದಿರಲೆಂದು 2019ರಿಂದ ನಿಷೇಧವಿದೆ. ಕೂತರೆ ದಂಡ.)

ರೋಮ್‌ನ ಒಂದು ಚರ್ಚಿನ ಮುಂಭಾಗದಲ್ಲಿ ಆಳೆತ್ತರದ ಗುಂಡಗಿನ ಅಮೃತಶಿಲೆಯಿದೆ. ಅದರಲ್ಲಿ ಬಾಯಿ ತೆರೆದ ಮುಖ ಕೆತ್ತಿದ್ದಾರೆ. ಹೆಸರು ‘ಸತ್ಯದ ಬಾಯಿ’. ಸುಳ್ಳುಗಾರರು ಅದರೊಳಗೆ ಕೈ ಇಟ್ಟರೆ ಕಚ್ಚಿಬಿಡುತ್ತದೆ ಎಂಬುದು ಅಲ್ಲಿಯ ಜನರ ನಂಬಿಕೆ. ರಾಜಕುಮಾರಿ ಕೈ ಇಡಲು ಹೋಗಿ ಹೆದರಿ ಹಿಂದೆಗೆಯುತ್ತಾಳೆ. ಜೋ ಕೈ ಇಟ್ಟು, “ಅಯ್ಯೋ!” ಎಂದು ಕೂಗಿ ಎಳೆದರೆ ಅಂಗಿಯ ತೋಳಿನಲ್ಲಿ ಕೈಯೇ ಇಲ್ಲ! ನಿಜಕ್ಕೂ ನಟ ಪೆಕ್ ಕೈಯನ್ನು ತೋಳಿನೊಳಗೆ ಅಡಗಿಸಿಕೊಂಡಿದ್ದರು. ಹೆಪ್‌ಬರ್ನ್‌ಗೆ ಇದನ್ನು ಮೊದಲೇ ಹೇಳಿರಲಿಲ್ಲವಂತೆ. ಪರದೆಯ ಮೇಲೆ ಕಾಣುವ ಆ ಕಿರುಚಾಟ ನಟನೆಯಲ್ಲ, ನಿಜವಾದ ಗಾಬರಿ.

ನಗುತ್ತಾ, ಕೀಟಲೆ ಮಾಡುತ್ತಾ ಸಂಜೆಯ ಹೊತ್ತಿಗೆ ಇಬ್ಬರಿಗೂ ಪ್ರೀತಿಯಾಗಿರುತ್ತದೆ. ಆದರೆ ರಾಜಕುಮಾರಿ ಅದೇ ರಾತ್ರಿ ಅರಮನೆಗೆ ಮರಳುತ್ತಾಳೆ. ಯಾರೂ ಎಳೆದುಕೊಂಡು ಹೋಗುವುದಿಲ್ಲ. ತನ್ನ ದೇಶದ ಕಡೆಗೆ ತನ್ನ ಕರ್ತವ್ಯವಿದೆ ಎಂದು ಅವಳೇ ನಿರ್ಧರಿಸುತ್ತಾಳೆ.

ಈಗ ಜೋನ ಸರದಿ. ಸುದ್ದಿ ಕೈಯಲ್ಲಿದೆ, ಫೋಟೊಗಳು ತೊಳೆದು ಬಂದಿವೆ, ಸಂಪಾದಕರು ಬಾಗಿಲಲ್ಲಿ ನಿಂತಿದ್ದಾರೆ. ಜೋ ಏನು ಹೇಳುತ್ತಾನೆ ಗೊತ್ತೇ? ಸುದ್ದಿ ಏನೂ ಇಲ್ಲ ಎನ್ನುತ್ತಾನೆ. ಅಷ್ಟೇ.

ಮರುದಿನ ಪತ್ರಿಕಾಗೋಷ್ಠಿ. ಪತ್ರಕರ್ತರ ಸಾಲಿನಲ್ಲಿ ಜೋ ಮತ್ತು ಅರ್ವಿಂಗ್ ನಿಂತಿರುವುದನ್ನು ಕಂಡು ರಾಜಕುಮಾರಿಗೆ ಎದೆ ಧಸಕ್ಕೆನ್ನುತ್ತದೆ. ನಿನ್ನೆಯ ಗೆಳೆಯರು ಸುದ್ದಿಗಾಗಿ ಬಂದವರೇ? ಎಲ್ಲರೆದುರು ಏನನ್ನೂ ಕೇಳುವಂತಿಲ್ಲ. ದೇಶದೇಶಗಳ ನಡುವಿನ ಗೆಳೆತನದ ಬಗ್ಗೆ ಪ್ರಶ್ನೆ ಬಂದಾಗ, ಜನರ ನಡುವಿನ ಗೆಳೆತನದಲ್ಲೂ ತನಗೆ ನಂಬಿಕೆಯಿದೆ ಎನ್ನುತ್ತಾಳೆ. ಆ ನಂಬಿಕೆ ಸುಳ್ಳಾಗುವುದಿಲ್ಲ ಎಂದು ಜೋ ಸಾಲಿನಿಂದಲೇ ಉತ್ತರಿಸುತ್ತಾನೆ. ಉಳಿದವರಿಗೆ ಅದು ಬರೀ ಔಪಚಾರಿಕ ಮಾತು. ಅವರಿಬ್ಬರಿಗೆ ಮಾತ್ರ ಅರ್ಥ ಗೊತ್ತು. ಆಮೇಲೆ ಅರ್ವಿಂಗ್ ರೋಮ್‌ನ ನೆನಪಿಗೆಂದು ಒಂದು ಲಕೋಟೆ ಕೊಡುತ್ತಾನೆ. ಅದರಲ್ಲಿ ಆ ದಿನದ ಗುಟ್ಟಿನ ಫೋಟೊಗಳಿವೆ.

“ಆಮೇಲೆ ಅವರಿಬ್ಬರ ಮದುವೆ ಆಯಿತಾ?” ಎಂದು ನೀವು ಕೇಳುತ್ತೀರಿ, ನನಗೆ ಗೊತ್ತು. ಇಲ್ಲ, ಆಗಲಿಲ್ಲ. ಅವಳು ಒಳಗೆ ಹೋಗುತ್ತಾಳೆ, ಅವನು ಖಾಲಿ ಸಭಾಂಗಣದಲ್ಲಿ ಒಬ್ಬನೇ ನಡೆದು ಹೊರಗೆ ಬರುತ್ತಾನೆ. ಆದರೂ ಇದು ಸೋತ ಪ್ರೇಮಕಥೆ ಎಂದು ನನಗನ್ನಿಸುವುದಿಲ್ಲ. ನಂಬಿದವಳ ಒಂದು ದಿನದ ಸಂತೋಷವನ್ನು ಅವನು ಮಾರಲಿಲ್ಲ. ಪ್ರೀತಿ ಎಂದರೆ ಅದೂ ಹೌದು.

ತೆರೆಯ ಹಿಂದೆಯೂ ಒಂದು ಹೆಸರು ಮುಚ್ಚಿಟ್ಟ ಕಥೆಯಿದೆ. ಈ ಚಿತ್ರದ ಕಥೆ ಬರೆದವರು ಡಾಲ್ಟನ್ ಟ್ರಂಬೊ. ಅವರ ರಾಜಕೀಯ ನಂಬಿಕೆಯ ಕಾರಣಕ್ಕೆ ಆಗ ಹಾಲಿವುಡ್‌ನಲ್ಲಿ ಯಾರೂ ಅವರಿಗೆ ಕೆಲಸ ಕೊಡುತ್ತಿರಲಿಲ್ಲ, ಜೈಲಿಗೂ ಹೋಗಿಬಂದಿದ್ದರು. ಅವರ ಗೆಳೆಯ ಇಯಾನ್ ಮೆಕ್‌ಲೆಲನ್ ಹಂಟರ್ ತಮ್ಮ ಹೆಸರು ಕೊಟ್ಟರು. ಕಥೆಗೆ ಆಸ್ಕರ್ ಬಂದಾಗ ಅದು ಹಂಟರ್ ಹೆಸರಿಗೇ ಬಂತು. ಟ್ರಂಬೊ 1976ರಲ್ಲಿ ತೀರಿಕೊಂಡರು. 1993ರಲ್ಲಿ ಅವರ ಆಸ್ಕರ್ ಪ್ರಶಸ್ತಿಯನ್ನು ಅವರ ಪತ್ನಿಯ ಕೈಗೆ ಕೊಟ್ಟರು. ಗುಟ್ಟು ಕಾಪಾಡುವ ಗೆಳೆಯನ ಬೆಲೆ ಏನೆಂದು ಆ ಕಥೆಗಾರನಿಗೆ ಚೆನ್ನಾಗಿ ಗೊತ್ತಿತ್ತು!

ಈಗ ನಮ್ಮ ಮನೆಯ ವಿಷಯ. ಅರ್ವಿಂಗ್‌ನ ಕ್ಯಾಮೆರಾ ಈಗ ಎಲ್ಲರ ಜೇಬಿನಲ್ಲೂ ಇದೆ. ಪ್ರವಾಸ ಹೋದಾಗ ಗೆಳತಿ ಬಾಯಿ ತೆರೆದು ಬಸ್ಸಿನಲ್ಲಿ ನಿದ್ದೆ ಮಾಡಿದ್ದು, ತಮ್ಮ ಅಲೆ ಕಂಡು ಅತ್ತಿದ್ದು, ಎಲ್ಲವನ್ನೂ ಕ್ಷಣದಲ್ಲಿ ನೂರು ಜನಕ್ಕೆ ಕಳಿಸಬಹುದು. ಯಾರೂ 5,000 ಡಾಲರ್ ಕೊಡುವುದಿಲ್ಲ, ನಾಲ್ಕು ಜನ ನಗುತ್ತಾರೆ ಅಷ್ಟೇ. ಕಳಿಸುವ ಮುಂಚೆ ಫೋಟೊದಲ್ಲಿರುವವರನ್ನು “ಕಳಿಸಲಾ?” ಎಂದು ಒಂದು ಮಾತು ಕೇಳಿ. “ಬೇಡ” ಎಂದರೆ ಅವರಿಗೇ ಕೊಟ್ಟುಬಿಡಿ, ಲಕೋಟೆ ಕೊಟ್ಟ ಹಾಗೆ.

ಈ ವಾರ ನಿಮಗೊಂದು ಕೆಲಸ. ಅಜ್ಜ-ಅಜ್ಜಿಯ ಬಳಿ ಕೂತು, ಮದುವೆಯಾದ ಮೇಲೆ ನೀವಿಬ್ಬರೇ ಮೊದಲು ಹೋದ ಊರು ಯಾವುದು ಎಂದು ಕೇಳಿ. ಧರ್ಮಸ್ಥಳವೋ, ಜೋಗವೋ, ಪಕ್ಕದೂರಿನ ಜಾತ್ರೆಯೋ ಇರಬಹುದು. ಯಾವ ಬಸ್ಸು, ಏನು ತಿಂದಿರಿ, ಯಾರು ಮೊದಲು ಮಾತಾಡಿದ್ದು, ಎಲ್ಲ ಕೇಳಿ. ಕೊನೆಯಲ್ಲಿ ಅಜ್ಜಿ ನಕ್ಕು, “ಇದನ್ನ ಯಾರಿಗೂ ಹೇಳಬೇಡ ಕಂದಾ” ಎಂದರೆ, ಹೇಳಬೇಡಿ. ನನಗೂ ಬರೆಯಬೇಡಿ!