ಹಿರಿಯರ ಹುಟ್ಟುಹಬ್ಬ, ಕಿರಿಯರ ಊಟ

ಚೆನ್ನೈ ಕನ್ನಡಿಗರಾದ ನಮ್ಮ ಮನೆಗಳಲ್ಲಿ ಈಚೆಗೆ ಒಂದು ಪದ್ಧತಿ ಬೇರೂರಿದೆ. ತಂದೆಗೆ ಅರವತ್ತು ತುಂಬಲಿ, ತಾಯಿಗೆ ಎಪ್ಪತ್ತಾಗಲಿ, ಅಜ್ಜನಿಗೆ ಎಂಬತ್ತಾಗಲಿ, ಮಕ್ಕಳೆಲ್ಲ ಸೇರಿ ಒಂದು ದೊಡ್ಡ ಹೋಟಲಿನಲ್ಲಿ ಊಟ ಏರ್ಪಡಿಸುತ್ತಾರೆ. ಕರೆಯೋಲೆ ವಾಟ್ಸಾಪಿನಲ್ಲಿ ಬರುತ್ತದೆ. ಇದು ಸರಿಯೋ ತಪ್ಪೋ ಎಂಬ ವಾದ ಸಂಘದ ಕಾರ್ಯಕ್ರಮ ಮುಗಿದ ಮೇಲೆ, ಕಾಫಿ ಲೋಟ ಕೈಯಲ್ಲಿರುವಾಗ, ಮತ್ತೆ ಮತ್ತೆ ಏಳುತ್ತದೆ. "ಸಂಸ್ಕೃತಿಯೇ ಹಾಳಾಯಿತು" ಎನ್ನುತ್ತಾರೆ ಕೆಲವರು. "ಕಾಲ ಬದಲಾಗಿದೆ, ನೀವು ಸುಮ್ಮನಿರಿ" ಎನ್ನುತ್ತಾರೆ ಇನ್ನು ಕೆಲವರು. ಫೈಲು ನೋಡಿಯೇ ಬದುಕುವ ನಮ್ಮಂಥ ಗುಮಾಸ್ತರಿಗೆ ಎರಡೂ ಕಡೆಯ ಕಾಗದ ಓದುವ ಅಭ್ಯಾಸ. ಓದಿದ ಮೇಲೆ ನಮಗೆ ಅನ್ನಿಸಿದ್ದು ಇಷ್ಟು: ಇಬ್ಬರೂ ಊಟ ಎಲ್ಲಿ ಎಂದು ಜಗಳವಾಡುತ್ತಿದ್ದಾರೆ. ಊಟ ಯಾರಿಗೆ ಎಂದು ಕೇಳಿದವರನ್ನು ನಾವು ಕಾಣೆವು.

ಮೊದಲು ಸಂಸ್ಕೃತಿಯ ಪರವಾಗಿ ದನಿ ಎತ್ತುವವರ ಮಾತನ್ನು ತೆಗೆದುಕೊಳ್ಳೋಣ. ಮನೆಯಲ್ಲೇ ಹೋಮ ಮಾಡಿಸಿ, ಮನೆಯಲ್ಲೇ ಅಡಿಗೆ ಮಾಡಿ, ನೂರು ಜನಕ್ಕೆ ಎಲೆ ಹಾಕುತ್ತಿದ್ದ ಕಾಲವನ್ನು ಅವರು ನೆನೆಯುತ್ತಾರೆ. ನೆನೆಯಲಿ. ಆದರೆ ಎರಡು ಕೋಣೆಯ ಫ್ಲಾಟಿನಲ್ಲಿ ನೂರು ಎಲೆ ಹಾಕುವುದು ಎಲ್ಲಿ? ಹೊಗೆ ಎದ್ದರೆ ಮೇಲಿನ ಮನೆಯವರು ಬಾಗಿಲು ತಟ್ಟುತ್ತಾರೆ. ಅದೂ ಇರಲಿ. ಆ ಕಾಲದಲ್ಲಿ ಕಣಕ ನಾದಿ, ಹೂರಣ ರುಬ್ಬಿ, ಬೆಳಗಿನ ಜಾವದಿಂದ ಒಲೆ ಮುಂದೆ ನಿಂತವರು ಯಾರು? ಸಂಸ್ಕೃತಿಯ ವಿಷಯವಾಗಿ ಭಾಷಣ ಮಾಡುವ ಈ ಮಹನೀಯರಂತೂ ಅಲ್ಲ. ಗಂಡನ ಅರವತ್ತಿನ ದಿನ ಹಸೆಮಣೆಯಲ್ಲಿ ಕೂತಿದ್ದ ಹೆಂಗಸಿನ ಕಣ್ಣು ಹೋಮಕುಂಡದ ಮೇಲಿರುತ್ತಿರಲಿಲ್ಲ. ಅಡಿಗೆಮನೆಯಲ್ಲಿ ಹುಳಿಗೆ ಉಪ್ಪು ಬಿತ್ತೋ ಇಲ್ಲವೋ ಎಂಬ ಕಡೆಗಿರುತ್ತಿತ್ತು.

ಇನ್ನೂ ಒಂದು ಮಾತು ಹೇಳಲೇಬೇಕು. ಷಷ್ಟ್ಯಬ್ದಿಪೂರ್ತಿ ಶಾಂತಿ ನಮ್ಮ ರೂಢಿಯಲ್ಲಿ ನಡೆಯುವುದು ಗಂಡನ ವಯಸ್ಸಿನ ಲೆಕ್ಕದಲ್ಲಿ. ಕಲಶಸ್ನಾನ ಅವನಿಗೆ, ಜೊತೆಯಲ್ಲಿ ಕೂತ ಪುಣ್ಯ ಅವಳಿಗೆ. ಅವಳಿಗೇ ಅರವತ್ತು ತುಂಬಿದ ದಿನ ಮನೆಯಲ್ಲಿ ಎಂದಿನ ಸಾರು, ಎಂದಿನ ಪಲ್ಯ. ಗಂಡನನ್ನು ಕಳೆದುಕೊಂಡವಳಿಗಂತೂ ಹಸೆಮಣೆಯೇ ಇಲ್ಲ. ಹೋಟಲಿನ ಊಟ ಬಂದ ಮೇಲೆ, ವಿಧವೆ ತಾಯಿಗೂ ಎಪ್ಪತ್ತು ತುಂಬಿತೆಂದು ನಾಲ್ಕು ಜನ ಸೇರಿ ಸಂತೋಷಪಡುವುದನ್ನು ನಾವು ಕಂಡಿದ್ದೇವೆ. ಹೋಟಲಿನಲ್ಲಿ ಮಂತ್ರವಿಲ್ಲ, ಹಾಗೆಯೇ ಮುತ್ತೈದೆ, ವಿಧವೆ ಎಂಬ ಭೇದವೂ ಇಲ್ಲ. ಶಾಸ್ತ್ರ ಮರೆತ ಮರ್ಯಾದೆಯನ್ನು ಹೋಟಲು ಕೊಟ್ಟಿದ್ದರೆ ಹೋಟಲನ್ನು ಏಕೆ ಬೈಯಬೇಕು?

ಅಲ್ಲದೆ ಹೋಟಲೆಂದರೆ ಪರಕೀಯವೆಂದು ಈ ಊರಿನಲ್ಲಿ ಕೂತು ನಾವು ಹೇಳಬಹುದೇ? ದಕ್ಷಿಣ ಕನ್ನಡದ ಕಡಂದಲೆಯಿಂದ ಬಂದು, ಅಡಿಗೆಮನೆಯ ಚಾಕರಿಯಿಂದ ಮೇಲೆದ್ದ ಕೆ. ಕೃಷ್ಣರಾಯರು 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ತೆರೆದರು. 1952ರಲ್ಲಿ ನ್ಯೂ ವುಡ್‌ಲ್ಯಾಂಡ್ಸ್ ಬಂತು. 1962ರಲ್ಲಿ ಆರಂಭವಾದ ಡ್ರೈವ್-ಇನ್ ಹೋಟಲು 2008ರಲ್ಲಿ ಮುಚ್ಚುವವರೆಗೆ ಮದರಾಸಿನ ಎಷ್ಟೋ ಸಂಸಾರಗಳ ಸಂತೋಷದ ದಿನಗಳಿಗೆ ಸಾಕ್ಷಿಯಾಗಿತ್ತು. ಹೆಂಗಸರು ಮಕ್ಕಳೊಡನೆ ನಿಶ್ಚಿಂತೆಯಾಗಿ ಕೂತು ಉಣ್ಣಬಹುದಾದ ಹೋಟಲು ಹೇಗಿರಬೇಕೆಂದು ಈ ಪಟ್ಟಣಕ್ಕೆ ತೋರಿಸಿದವರಲ್ಲಿ ನಮ್ಮ ಉಡುಪಿಯವರು ಮುಂದಿನ ಸಾಲಿನವರು. ಹೀಗಿರುವಾಗ ಹೋಟಲಿಗೆ ಹೋದರೆ ಕನ್ನಡತನ ಕೆಡುತ್ತದೆಂಬುದು ನಗೆಪಾಟಲಿನ ಮಾತು.

ಇಷ್ಟು ಹೇಳಿ ಈಗ ಎರಡನೆಯ ಪಕ್ಷದವರ ಕಡೆ ತಿರುಗೋಣ. ಕಾಲ ಬದಲಾಗಿದೆ, ನಿಜ. ಬದಲಾದ ಕಾಲದಲ್ಲಿ ನೀವು ಮಾಡುತ್ತಿರುವುದಾದರೂ ಏನು?

ಕಳೆದ ಒಂದೆರಡು ವರ್ಷಗಳಲ್ಲಿ ನಾವು ಉಂಡು ಬಂದ ಇಂಥ ಊಟಗಳನ್ನು ನೆನೆಯುತ್ತೇವೆ. ಅಜ್ಜನ ಊಟದ ವೇಳೆ ಸಂಜೆ ಏಳು. ಮಗನಿಗೆ ಹೋಟಲಿನಲ್ಲಿ ಮೇಜು ಸಿಕ್ಕಿದ್ದು ರಾತ್ರಿ ಎಂಟೂವರೆಗೆ. ಅಜ್ಜನಿಗೆ ಸಕ್ಕರೆ ಕಾಯಿಲೆ. ಮುಂದೆ ಬಂದದ್ದು ಎರಡು ಅಂತಸ್ತಿನ ಕೇಕು. ಅಜ್ಜನಿಗೆ ಹಲ್ಲಿಲ್ಲ, ತಟ್ಟೆಗೆ ಬಿದ್ದದ್ದು ತಂದೂರಿ ರೊಟ್ಟಿ. ಒಂದು ಕಡೆ ಹಿರಿಯರೊಬ್ಬರು ಮೆಲ್ಲಗೆ, "ಸ್ವಲ್ಪ ಮಜ್ಜಿಗೆ ಅನ್ನ ಸಿಗುತ್ತದೆಯೇನಪ್ಪ?" ಎಂದು ಕೇಳಿದರು. "ಅಪ್ಪಾ, ಇವತ್ತೊಂದು ದಿನ ಅಡ್ಜಸ್ಟ್ ಮಾಡ್ಕೊಳ್ಳಿ" ಎಂದ ಮಗ. ಯಾರ ಹುಟ್ಟುಹಬ್ಬವೋ ಅವರೇ ಅಡ್ಜಸ್ಟ್ ಮಾಡಿಕೊಳ್ಳಬೇಕು! ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂದರು ನಮ್ಮ ಹಿರಿಯರು. ಈಗ ಊಟವೂ ಪರರಿಚ್ಛೆ, ನೋಟವೂ ಪರರಿಚ್ಛೆ. ಶಾಲು ಹೊದಿಸಿ, ಫೋಟೋ ತೆಗೆದು, ಮುಂದಿನ ಗಿರಾಕಿಗೆ ಮೇಜು ಬೇಕೆಂದು ಸರ್ವರ್ ಬಂದು ನಿಂತ ಕೂಡಲೇ ಎಲ್ಲರೂ ಏಳುತ್ತಾರೆ. ಅಷ್ಟು ಹೊತ್ತಿನಲ್ಲಿ ಆ ಹಿರಿಯರು ಆಡಿದ ಮಾತು ಮಜ್ಜಿಗೆ ಅನ್ನದ್ದೊಂದೇ.

ಖರ್ಚಿನ ಲೆಕ್ಕವನ್ನೂ ನೋಡೋಣ. ಹಿಂದೆ ನಮ್ಮ ಇಲಾಖೆಗಳಲ್ಲಿ ಇಂಥ ಸಮಾರಂಭಗಳಿಗೆ ಜಿ.ಪಿ.ಎಫ್. ಮುಂಗಡ ಪಡೆಯುವವರಿದ್ದರು. ಅರ್ಜಿ ಬರೆಯಬೇಕು, ಕಾರಣ ತೋರಿಸಬೇಕು, ಮೇಲಧಿಕಾರಿಯ ರುಜು ಬೇಕು. ಅಷ್ಟರಲ್ಲಿ ದುಂದಿನ ಉತ್ಸಾಹ ಅರ್ಧ ಇಳಿಯುತ್ತಿತ್ತು. 2004ರ ಜನವರಿಯ ನಂತರ ಕೆಲಸಕ್ಕೆ ಸೇರಿದವರು ಬೇರೆ ಪಿಂಚಣಿ ವ್ಯವಸ್ಥೆಯವರು, ಅವರಿಗೆ ಆ ಮುಂಗಡವಿಲ್ಲ. ಅದರ ಬದಲು ಕ್ರೆಡಿಟ್ ಕಾರ್ಡು ಬಂದಿದೆ. ಅದು ಕಾರಣ ಕೇಳುವುದಿಲ್ಲ. ಬಿಲ್ಲಿಗೆ ಹೋಟಲಿನವರು ತಾವಾಗಿ ಸೇವಾ ಶುಲ್ಕ ಸೇರಿಸಕೂಡದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲಿ ಸೂಚನೆ ಹೊರಡಿಸಿತು. ದೆಹಲಿ ಹೈಕೋರ್ಟು 2025ರಲ್ಲಿ ಅದನ್ನು ಎತ್ತಿಹಿಡಿಯಿತು. ಆದರೂ ನೆಂಟರ ಮುಂದೆ ಬಿಲ್ಲು ಓದುವುದು ಅವಮಾನವೆಂದು ನಮ್ಮ ಹುಡುಗರು ಕಣ್ಣು ಮುಚ್ಚಿ ಕೊಡುತ್ತಾರೆ. ತಿಂಗಳ ಕಂತು ಕಟ್ಟುವಾಗ ಕಣ್ಣು ತೆರೆಯುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಿರೆಂದು ಕಲಿಸಿದ ತಂದೆಯ ಹೆಸರಿನಲ್ಲೇ ಈ ಸಾಲ!

ಅರವತ್ತಕ್ಕೆ ಇಷ್ಟು ಮಹತ್ವ ಏಕೆಂದು ಯುವಕರಿಗೆ ಹೇಳಬೇಕಾಗಿದೆ. ನಮ್ಮ ಸಂವತ್ಸರಗಳು ಅರವತ್ತು. ಹುಟ್ಟಿದ ಸಂವತ್ಸರ ಮರಳಿ ಬಂದಾಗ ಒಂದು ಸುತ್ತು ಪೂರ್ತಿ. 1965ರ ಯುಗಾದಿಗೆ ಬಂದ ವಿಶ್ವಾವಸು 2025ರ ಯುಗಾದಿಗೆ ಮತ್ತೆ ಬಂತು. ಗುರು ಗ್ರಹ ಸೂರ್ಯನನ್ನು ಸುತ್ತಲು ಸುಮಾರು 12 ವರ್ಷ, ಶನಿಗೆ ಸುಮಾರು 30. ಅರವತ್ತು ವರ್ಷದಲ್ಲಿ ಗುರುವಿನ ಐದು ಸುತ್ತು, ಶನಿಯ ಎರಡು ಸುತ್ತು. ಸಹಸ್ರಚಂದ್ರದರ್ಶನದ್ದೂ ಲೆಕ್ಕವೇ. ಹುಣ್ಣಿಮೆಯಿಂದ ಹುಣ್ಣಿಮೆಗೆ 29.53 ದಿನ, ಸಾವಿರ ಹುಣ್ಣಿಮೆಗೆ 29,530 ದಿನ, ಅಂದರೆ ಸುಮಾರು 80 ವರ್ಷ 10 ತಿಂಗಳು. ತಮಿಳು ಬಂಧುಗಳು ಇದೇ ಅರವತ್ತಕ್ಕೂ ಎಂಬತ್ತಕ್ಕೂ ತಿರುಕ್ಕಡೆಯೂರಿಗೆ ಹೋಗುತ್ತಾರೆ. ಮಾರ್ಕಂಡೇಯನಿಗಾಗಿ ಶಿವನು ಯಮನನ್ನು ತಡೆದ ಸ್ಥಳವೆಂದು ಅವರ ನಂಬಿಕೆ. ನಮ್ಮವರೂ ಕೆಲವರು ಹೋಗಿಬರುತ್ತಾರೆ. ನಂಬುವವರು ನಂಬಲಿ, ನಂಬದವರು ಬಿಡಲಿ. ಒಬ್ಬ ಮನುಷ್ಯ ಇಷ್ಟು ಕಾಲ ಕಂಡಿದ್ದಾನೆ ಎಂಬುದು ಈ ಎಲ್ಲದರ ತಿರುಳು. ಕಂಡವನನ್ನು, ಏನು ಕಂಡೆ ಎಂದು ಕೇಳುವುದು ಬೇಡವೇ?

1965ರಲ್ಲಿ ಮೈಸೂರು ರಾಜ್ಯದಲ್ಲಿ ಹುಟ್ಟಿ, ಕೆಲಸ ಹುಡುಕಿಕೊಂಡು ಇಲ್ಲಿಗೆ ಬಂದವರೊಬ್ಬರನ್ನು ಕಲ್ಪಿಸಿಕೊಳ್ಳಿ. ಅವರಿಗೆ ಎಂಟು ವರ್ಷವಾಗಿದ್ದಾಗ, 1973ರಲ್ಲಿ, ಅವರ ರಾಜ್ಯ ಕರ್ನಾಟಕವಾಯಿತು. ಅವರು ಬಂದಿಳಿದ ಊರು ಮದರಾಸು; 1996ರಲ್ಲಿ ಅದು ಚೆನ್ನೈ ಆಯಿತು. 1964ರಲ್ಲಿ ಆರಂಭವಾದ ಬೃಂದಾವನ ಎಕ್ಸ್‌ಪ್ರೆಸ್ಸಿನಲ್ಲಿ ಎಷ್ಟು ಸಲ ನಿಂತುಕೊಂಡೇ ಊರಿಗೆ ಹೋಗಿಬಂದರೋ! ಕಾವೇರಿಯ ಕಾವು ಏರಿದ 1991 ಮತ್ತು 2016ರ ದಿನಗಳಲ್ಲಿ, ಬಸ್ಸಿನಲ್ಲಿ ಮಗುವಿನ ಜೊತೆ ಯಾವ ಭಾಷೆಯಲ್ಲಿ ಮಾತಾಡಲಿ ಎಂದು ಯೋಚಿಸಿದ್ದಾರೆಯೇ? ಆಗ ಧೈರ್ಯ ಹೇಳಿದ ಪಕ್ಕದ ಮನೆಯ ತಮಿಳರು ಯಾರು? 2015ರ ಪ್ರವಾಹದಲ್ಲಿ ಕೆಳಮನೆಯ ನೀರಿನಿಂದ ಏನನ್ನು ಮೊದಲು ಎತ್ತಿದರು? ಇದಾವುದೂ ಶಾಲೆಯ ಪುಸ್ತಕದಲ್ಲಿಲ್ಲ. ಮೊಮ್ಮಕ್ಕಳಿಗೆ ಗೊತ್ತಿಲ್ಲ, ಎಷ್ಟೋ ವೇಳೆ ಮಕ್ಕಳಿಗೂ ಗೊತ್ತಿಲ್ಲ.

ಇದರ ಜೊತೆಗೆ ಭಾಷೆಯ ಪ್ರಶ್ನೆಯೂ ಇದೆ. ಇಲ್ಲಿ ನಮ್ಮ ಬಹುಪಾಲು ಮಕ್ಕಳಿಗೆ ಶಾಲೆಯಲ್ಲಿ ಕನ್ನಡವಿಲ್ಲ, ಬೀದಿಯಲ್ಲಿ ತಮಿಳು, ಫೋನಿನಲ್ಲಿ ಇಂಗ್ಲಿಷು. ಅವರ ಪಾಲಿಗೆ ಕನ್ನಡ ಇರುವುದು ಅಜ್ಜ ಅಜ್ಜಿಯರ ಬಾಯಲ್ಲಿ. ಸಂಸಾರವೆಲ್ಲ ಒಂದೆಡೆ ಸೇರುವ ಆ ಒಂದು ದಿನವೂ ಆ ಬಾಯಿಗೆ ಕೇಕು ತುರುಕಿ ಮುಚ್ಚಿಸಿದರೆ, ಮುಂದೆ ಸಂಘ ಎಷ್ಟು ಕನ್ನಡ ತರಗತಿ ನಡೆಸಿದರೂ ಏನು ಫಲ?

"ಹಿರಿಯರೇ ಮಾತಾಡುವುದಿಲ್ಲ, ನಮ್ಮ ಹಳೇ ಕಥೆ ಯಾರಿಗೆ ಬೇಕು ಎನ್ನುತ್ತಾರೆ" ಎಂದು ಮಕ್ಕಳು ದೂರುತ್ತಾರೆ. ಕೇಳುವವರಿಲ್ಲದ ಕಡೆ ಯಾರು ತಾನೆ ಮಾತಾಡುತ್ತಾರೆ? ಎರಡು ಮಾತಾಡಿದರೆ ಅರವತ್ತಕ್ಕೆ ಅರಳು ಮರಳು ಎಂದು ನಗುವವರೂ ನಾವೇ. ಕೇಂದ್ರ ಸರ್ಕಾರ ನಿವೃತ್ತಿಯ ವಯಸ್ಸನ್ನು 1998ರಲ್ಲಿ 58ರಿಂದ 60ಕ್ಕೆ ಏರಿಸಿದಂದಿನಿಂದ ನಮ್ಮಂಥವರಿಗೆ ಅರವತ್ತೂ ನಿವೃತ್ತಿಯೂ ಒಂದೇ ತಿಂಗಳು. ಕಚೇರಿಯಲ್ಲಿ ಹಾರ ಹಾಕಿ ಇತರರು ಮಾತಾಡುತ್ತಾರೆ, ಹೋಟಲಿನಲ್ಲಿ ಶಾಲು ಹೊದಿಸಿ ಇತರರು ಮಾತಾಡುತ್ತಾರೆ. ಮರುದಿನದಿಂದ ಮಾತಾಡಿಸುವವರಿಲ್ಲ.

ಆದ್ದರಿಂದ ನಮ್ಮ ಬಂಧುಗಳಲ್ಲಿ ಕೆಲವು ಸೂಚನೆಗಳನ್ನು ಮುಂದಿಡುತ್ತೇವೆ. ಊಟ ಹೋಟಲಿನಲ್ಲೇ ಆಗಲಿ, ಅಡ್ಡಿಯಿಲ್ಲ. ಆದರೆ ಯಾವ ಹೋಟಲು, ಏನು ಅಡಿಗೆ, ಯಾರನ್ನು ಕರೆಯಬೇಕು ಎಂಬುದನ್ನು ಮೊದಲು ಹಿರಿಯರನ್ನೇ ಕೇಳಿ. ಅಚ್ಚರಿ ಕೊಡುತ್ತೇವೆಂದು ಗುಟ್ಟು ಮಾಡಬೇಡಿ. ಆ ವಯಸ್ಸಿನವರಿಗೆ ಅಚ್ಚರಿಗಿಂತ ಹೊತ್ತಿಗೆ ಸರಿಯಾದ ಊಟ ಹಿತ. ರಾತ್ರಿ ಬೇಡ, ಮಧ್ಯಾಹ್ನ ಇಡಿ. ಕೈಯಲ್ಲಿ ಹಣವಿದ್ದಷ್ಟು ಜನರನ್ನು ಕರೆಯಿರಿ. ಇಪ್ಪತ್ತು ಜನರಾದರೆ ಇಪ್ಪತ್ತೇ ಸಾಕು. ಊಟಕ್ಕೆ ಮೊದಲು, ಮನೆಯಲ್ಲೋ ಸಂಘದ ಒಂದು ಕೋಣೆಯಲ್ಲೋ, ಅರ್ಧ ಗಂಟೆ ಹಿರಿಯರಿಗೆ ಬಿಡಿ. ಅವರನ್ನು ಹೊಗಳುವ ಭಾಷಣ ಬೇಡ. ಮೊಮ್ಮಕ್ಕಳು ತಲೆಗೊಂದು ಪ್ರಶ್ನೆ ಕೇಳಲಿ, ತಪ್ಪುತಪ್ಪಾದರೂ ಕನ್ನಡದಲ್ಲೇ ಕೇಳಲಿ, ಉತ್ತರವನ್ನು ಫೋನಿನಲ್ಲಿ ಹಿಡಿದಿಡಲಿ. ಫೋಟೋ ಹಿಡಿಯುವ ಫೋನು ಧ್ವನಿಯನ್ನೂ ಹಿಡಿಯುತ್ತದೆ. ಕೊನೆಯದಾಗಿ, ತಂದೆಗೆ ಏನು ಮಾಡಿದಿರೋ ತಾಯಿಗೂ ಅಷ್ಟೇ ಮಾಡಿ. ಅವಳ ಹುಟ್ಟಿದ ದಿನ ಯಾವುದೆಂದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲದಿದ್ದರೆ, ಮೊದಲ ಪ್ರಶ್ನೆ ಅದೇ ಆಗಲಿ.

ಇದಕ್ಕೆ ಹೆಚ್ಚಿನ ಖರ್ಚೇನೂ ಇಲ್ಲ. ಬೇಕಾದದ್ದು ಅರ್ಧ ಗಂಟೆಯ ತಾಳ್ಮೆ. ಈ ವಿಚಾರದಲ್ಲಿ ನಮ್ಮ ಅಭಿಪ್ರಾಯವನ್ನು ಒಪ್ಪದವರು ಖಂಡಿತ ಬರೆಯಲಿ. ಹಿರಿಯ ಮಾತೆಯರು ಬರೆದರೆ ಇನ್ನೂ ಸಂತೋಷ. ಮಜ್ಜಿಗೆ ಅನ್ನ ಕೇಳಿದ ಆ ಹಿರಿಯರಂಥವರು ನಮ್ಮ ನಡುವೆ ಇನ್ನೂ ಎಷ್ಟು ಜನರಿದ್ದಾರೋ, ಅವರ ಮಕ್ಕಳೂ ಈ ಪುಟ ಓದುತ್ತಿರಬಹುದು. ಮುಂದಿನ ಹುಟ್ಟುಹಬ್ಬಕ್ಕೆ ಹೋಟಲಿಗೆ ಫೋನು ಮಾಡುವ ಮೊದಲು ಅವರು ಪಕ್ಕದ ಕೋಣೆಗೆ ಹೋಗಿ ಒಂದು ಮಾತು ಕೇಳಲಿ.