ಸಮುದ್ರಯಾನದಲ್ಲಿ ಇಂಟರ್‌ನೆಟ್: ಬಿಲ್ಲಿನಲ್ಲಿ ಕಾಣುವ ವೆಚ್ಚ, ಕಾಣದ ವೆಚ್ಚ

ವರ್ತಕ ಸಮುದಾಯದಲ್ಲಿ ರಜೆಯ ಕಲ್ಪನೆ ಬಹಳಷ್ಟು ಬದಲಾಗಿದೆ. ಹಿಂದಿನ ತಲೆಮಾರಿನವರು ವರ್ಷಕ್ಕೊಮ್ಮೆ ಅಂಗಡಿಗೆ ಬೀಗ ಹಾಕಿ ಧರ್ಮಸ್ಥಳಕ್ಕೋ ತಿರುಪತಿಗೋ ಹೋಗಿ ಬರುತ್ತಿದ್ದರು. ಇಂದಿನವರಲ್ಲಿ ಕೆಲವರು ಕುಟುಂಬ ಸಮೇತರಾಗಿ ಸಿಂಗಪುರದಿಂದ ಹೊರಡುವ ವಿಹಾರ ನೌಕೆಗಳನ್ನು ಏರುತ್ತಿದ್ದಾರೆ. 2021ರ ಸೆಪ್ಟೆಂಬರ್‌ನಲ್ಲಿ ಕಾರ್ಡೇಲಿಯಾ ನೌಕೆಯು ಮುಂಬಯಿಯಿಂದ ಯಾನ ಆರಂಭಿಸಿದ ಮೇಲೆ ಇಂತಹ ವಿಹಾರಕ್ಕೆ ವಿದೇಶಕ್ಕೆ ಹೋಗಬೇಕಾದ ಅಗತ್ಯವೂ ಉಳಿದಿಲ್ಲ. ದುಡಿದವರು ವಿಶ್ರಾಂತಿ ಪಡೆಯುವುದು ನ್ಯಾಯವೇ. ಆದರೆ ಟಿಕೆಟ್ಟಿನ ದರವನ್ನು ನಾಲ್ಕು ಕಡೆ ವಿಚಾರಿಸಿ, ಚೌಕಾಸಿ ಮಾಡಿ ಕೊಳ್ಳುವ ಉದ್ಯಮಿಯು ಒಂದು ಬಾಬಿನ ಬಗ್ಗೆ ಮಾತ್ರ ಮುಂಚಿತವಾಗಿ ವಿಚಾರಿಸುವುದು ಅಪರೂಪ. ಅದು ಹಡಗಿನಲ್ಲಿ ಇಂಟರ್‌ನೆಟ್ ಸಂಪರ್ಕದಲ್ಲಿರಲು ತಗಲುವ ವೆಚ್ಚ.

ವಿಹಾರ ನೌಕೆಯ ಟಿಕೆಟ್ಟಿನಲ್ಲಿ ವಸತಿ, ಊಟ ಮತ್ತು ಮನರಂಜನೆ ಸಾಮಾನ್ಯವಾಗಿ ಸೇರಿರುತ್ತವೆ. ವೈ-ಫೈ ಸೌಲಭ್ಯವನ್ನು ಟಿಕೆಟ್ಟಿನಲ್ಲೇ ಸೇರಿಸುವ ಕಂಪನಿಗಳು ಕೆಲವೇ; ಉಳಿದವು ಅದಕ್ಕೆ ಪ್ರತ್ಯೇಕ ದರ ವಿಧಿಸುತ್ತವೆ. ದೊಡ್ಡ ಅಂತಾರಾಷ್ಟ್ರೀಯ ಕಂಪನಿಗಳಲ್ಲಿ ಇತ್ತೀಚಿನ ವರ್ಷಗಳ ದರವು ಒಂದು ಸಾಧನಕ್ಕೆ, ಒಂದು ದಿನಕ್ಕೆ ಸ್ಥೂಲವಾಗಿ 15ರಿಂದ 35 ಡಾಲರ್‌ಗಳಷ್ಟು ಇದೆ. ದಂಪತಿಗಳು ಎರಡು ಫೋನುಗಳಿಗೆ ಏಳು ದಿನಗಳ ಕಾಲ, ದಿನಕ್ಕೆ 20 ಡಾಲರ್‌ನಂತೆ ಸಂಪರ್ಕ ಪಡೆದರೆ 280 ಡಾಲರ್ ಆಗುತ್ತದೆ. ಲೆಕ್ಕದ ಅನುಕೂಲಕ್ಕಾಗಿ ಡಾಲರಿಗೆ 90 ರೂಪಾಯಿ ಎಂದು ಹಿಡಿದರೆ 25,200 ರೂಪಾಯಿ. ಕ್ರೆಡಿಟ್ ಕಾರ್ಡಿನ ಮೂಲಕ ಪಾವತಿಸಿ, ಬ್ಯಾಂಕು ವಿದೇಶಿ ವಿನಿಮಯ ಶುಲ್ಕವಾಗಿ ಶೇ. 3.5 ವಿಧಿಸಿದರೆ 882 ರೂಪಾಯಿ, ಆ ಶುಲ್ಕದ ಮೇಲೆ ಶೇ. 18ರ ಜಿಎಸ್‌ಟಿ 159 ರೂಪಾಯಿ. ಒಟ್ಟು 26,241 ರೂಪಾಯಿ. ಸಣ್ಣ ಅಂಗಡಿಯ ಗುಮಾಸ್ತನೊಬ್ಬನ ತಿಂಗಳ ಸಂಬಳಕ್ಕಿಂತ ಇದು ಬಹಳ ಕಡಿಮೆಯೇನಲ್ಲ.

ಈ ದರದ ಹಿಂದೆ ತಾಂತ್ರಿಕ ಕಾರಣವಿದೆ. ನಡುಗಡಲಿನಲ್ಲಿ ಕೇಬಲ್ ಇಲ್ಲ, ಗೋಪುರವಿಲ್ಲ; ಇರುವುದು ಉಪಗ್ರಹ ಮಾತ್ರ. ಬಹುಕಾಲ ಹಡಗುಗಳು ಭೂಮಿಯಿಂದ 35,786 ಕಿಲೋಮೀಟರ್ ಎತ್ತರದ ಭೂಸ್ಥಿರ ಉಪಗ್ರಹಗಳನ್ನೇ ಅವಲಂಬಿಸಿದ್ದವು. ಸಂದೇಶ ಹೋಗಿ ಬರಲು ಅರ್ಧ ಸೆಕೆಂಡಿಗಿಂತ ಹೆಚ್ಚು ಸಮಯ ಬೇಕಾಗುತ್ತಿತ್ತು. ನಿಮಿಷಗಳ ಲೆಕ್ಕದಲ್ಲಿ ಶುಲ್ಕ ವಿಧಿಸುವ ಪದ್ಧತಿ ಇತ್ತು. ಸುಮಾರು 550 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಸ್ಟಾರ್‌ಲಿಂಕ್ ಉಪಗ್ರಹಗಳು ಬಂದ ಮೇಲೆ ಪರಿಸ್ಥಿತಿ ಸುಧಾರಿಸಿತು. 2022ರಲ್ಲಿ ರಾಯಲ್ ಕೆರಿಬಿಯನ್ ಸಮೂಹವು ತನ್ನ ನೌಕೆಗಳಿಗೆ ಈ ಸೇವೆಯನ್ನು ಅಳವಡಿಸುವುದಾಗಿ ಪ್ರಕಟಿಸಿತು. ಇತರ ಕಂಪನಿಗಳೂ ಅನುಸರಿಸಿದವು.

ವೇಗವೇನೋ ಹೆಚ್ಚಿತು. ಆದರೆ ಪ್ರಯಾಣಿಕನು ಕೊಡುವ ದಿನದ ದರ ಅದೇ ಪ್ರಮಾಣದಲ್ಲಿ ಇಳಿಯಲಿಲ್ಲ. ಇದಕ್ಕೆ ಉತ್ತರ ಆ ಕಂಪನಿಗಳ ವಾರ್ಷಿಕ ಲೆಕ್ಕಪತ್ರಗಳಲ್ಲಿದೆ. ಅವು ಟಿಕೆಟ್ ಆದಾಯವನ್ನೂ ಹಡಗಿನೊಳಗಿನ ಮಾರಾಟ ಮುಂತಾದವುಗಳ ಆದಾಯವನ್ನೂ ಪ್ರತ್ಯೇಕವಾಗಿ ತೋರಿಸುತ್ತವೆ. 2023ರಲ್ಲಿ ಕಾರ್ನಿವಲ್ ಮತ್ತು ರಾಯಲ್ ಕೆರಿಬಿಯನ್ ಎರಡರಲ್ಲೂ ಈ ಎರಡನೆಯ ಬಾಬು ಒಟ್ಟು ಆದಾಯದ ಸುಮಾರು ಮೂರನೆಯ ಒಂದು ಭಾಗವಾಗಿತ್ತು. ಪಾನೀಯ, ಜೂಜು, ತೀರದ ಪ್ರವಾಸಗಳ ಜೊತೆಗೆ ಇಂಟರ್‌ನೆಟ್ಟೂ ಅದರಲ್ಲಿ ಸೇರಿದೆ. ಹಡಗು ಬಂದರು ಬಿಟ್ಟ ಮೇಲೆ ಗ್ರಾಹಕನಿಗೆ ಎದುರು ಅಂಗಡಿ ಇಲ್ಲ. ಜಾತ್ರೆಯಲ್ಲಿ ಒಂದೇ ಅಂಗಡಿ ಇದ್ದರೆ ದರ ಹೇಗಿರುತ್ತದೆ ಎಂಬುದನ್ನು ವರ್ತಕರಿಗೆ ಬೇರೆಯವರು ವಿವರಿಸಬೇಕಾಗಿಲ್ಲ.

ವೈ-ಫೈಗಿಂತ ಹೆಚ್ಚು ಜಾಗರೂಕತೆ ಬೇಕಾದುದು ಮೊಬೈಲ್ ಜಾಲದ ವಿಷಯದಲ್ಲಿ. ಅನೇಕ ಹಡಗುಗಳಲ್ಲಿ ಉಪಗ್ರಹಕ್ಕೆ ಜೋಡಿಸಿದ ಸ್ವಂತ ಮೊಬೈಲ್ ಜಾಲವಿರುತ್ತದೆ. ತೀರದಿಂದ ದೂರ ಸರಿದೊಡನೆ ಅದು ಚಾಲೂ ಆಗುತ್ತದೆ; ಕಿಸೆಯಲ್ಲಿರುವ ಫೋನು ಮಾಲೀಕನನ್ನು ಕೇಳದೆಯೇ ಅದನ್ನು ಹಿಡಿದುಕೊಳ್ಳಬಹುದು. ಸಿಂಗಪುರಕ್ಕೆಂದೋ ಯೂರೋಪಿಗೆಂದೋ ಕೊಂಡ ರೋಮಿಂಗ್ ಪ್ಯಾಕ್ ಸಾಮಾನ್ಯವಾಗಿ ಈ ಜಾಲಕ್ಕೆ ಅನ್ವಯಿಸುವುದಿಲ್ಲ. ಐರೋಪ್ಯ ಒಕ್ಕೂಟವು 2017ರ ಜೂನ್‌ನಲ್ಲಿ ತನ್ನ ದೇಶಗಳ ನಡುವಿನ ರೋಮಿಂಗ್ ಶುಲ್ಕವನ್ನು ರದ್ದುಪಡಿಸಿದಾಗಲೂ ಹಡಗಿನ ಉಪಗ್ರಹ ಜಾಲ ಆ ರಿಯಾಯಿತಿಯಿಂದ ಹೊರಗೇ ಉಳಿಯಿತು. ಆದುದರಿಂದ ಹಡಗು ಏರುವಾಗಲೇ ಫೋನನ್ನು ವಿಮಾನ ಸ್ಥಿತಿಗೆ ಹಾಕಿ, ಅನಂತರ ಬೇಕಿದ್ದರೆ ವೈ-ಫೈ ಮಾತ್ರ ಚಾಲೂ ಮಾಡುವುದು ಸುರಕ್ಷಿತ ಕ್ರಮ.

ಇನ್ನು ಲೆಕ್ಕಪತ್ರದ ವಿಚಾರ. ಕುಟುಂಬದೊಡನೆ ಕೈಗೊಂಡ ವಿಹಾರದ ಇಂಟರ್‌ನೆಟ್ ಬಿಲ್ಲನ್ನು ದೂರವಾಣಿ ವೆಚ್ಚವೆಂದು ಸಂಸ್ಥೆಯ ಪುಸ್ತಕದಲ್ಲಿ ಬರೆಯುವ ಪ್ರಲೋಭನೆ ಸಹಜ. ಸಂಪೂರ್ಣವಾಗಿ ಮತ್ತು ಕೇವಲ ವ್ಯವಹಾರಕ್ಕಾಗಿ ಮಾಡಿದ ವೆಚ್ಚಕ್ಕೆ ಮಾತ್ರ ವಿನಾಯಿತಿ ಎಂಬುದು ಆದಾಯ ತೆರಿಗೆಯ ಹಳೆಯ ತತ್ತ್ವ. ವೈಯಕ್ತಿಕ ಬಳಕೆಯ ಸರಕು ಸೇವೆಗಳಿಗೆ ಇನ್‌ಪುಟ್ ತೆರಿಗೆ ಜಮೆಯನ್ನು 2017ರ ಕೇಂದ್ರ ಜಿಎಸ್‌ಟಿ ಕಾಯಿದೆಯ 17(5)ನೆಯ ಪ್ರಕರಣ ತಡೆಯುತ್ತದೆ. ಹಡಗಿನ ಮೇಲಿಂದ ನಾಲ್ಕು ಆರ್ಡರುಗಳನ್ನು ಖಚಿತಪಡಿಸಿದ ಮಾತ್ರಕ್ಕೆ ರಜೆಯು ವ್ಯವಹಾರ ಪ್ರವಾಸವಾಗುವುದಿಲ್ಲ. ಅಂತಹ ವೆಚ್ಚವನ್ನು ಮಾಲೀಕರ ಸ್ವಂತ ಖಾತೆಗೆ ಹಾಕುವುದೇ ಕ್ಷೇಮ.

ಇಷ್ಟು ಬಿಲ್ಲಿನಲ್ಲಿ ಕಾಣುವ ವೆಚ್ಚ. ಆದರೆ ಉದ್ಯಮಿಯು ರಜೆಯಲ್ಲೂ ಇಷ್ಟು ಹಣ ತೆತ್ತು ಸಂಪರ್ಕದಲ್ಲಿರಬೇಕಾಗಿ ಬರುವುದೇಕೆ ಎಂಬ ಪ್ರಶ್ನೆಯೇ ಮುಖ್ಯವಾದುದು. ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಬಹುದು. ಸಣ್ಣ ಕಾರ್ಖಾನೆಯೊಂದರ ಮಾಲೀಕರು ತಿಂಗಳ 16ರಂದು ಹಡಗು ಏರುತ್ತಾರೆ. 18ರಂದು ಸರಕು ತುಂಬಿದ ಲಾರಿ ಸಿದ್ಧವಾಗಿದೆ. ಇ-ವೇ ಬಿಲ್ ಪೋರ್ಟಲಿನ ಒಟಿಪಿ ಮಾಲೀಕರ ಫೋನಿಗೆ ಹೋಗಿದೆ. 20ರಂದು ಜಿಎಸ್‌ಟಿಆರ್-3ಬಿ ಸಲ್ಲಿಸಬೇಕು. ಬ್ಯಾಂಕಿನ ಒಟಿಪಿಯೂ ಅದೇ ಫೋನಿಗೆ. ಮಾಲೀಕರು ವೈ-ಫೈ ಪ್ಯಾಕ್ ಕೊಂಡಿದ್ದಾರೆ, ವಾಟ್ಸ್‌ಆ್ಯಪ್ ಬರುತ್ತಿದೆ, ಆದರೆ ಒಟಿಪಿ ಬರುತ್ತಿಲ್ಲ. ಏಕೆಂದರೆ ಎಸ್‌ಎಂಎಸ್ ಬರುವುದು ಮೊಬೈಲ್ ಜಾಲದ ಮೂಲಕ. ವೈ-ಫೈ ಕರೆಯ ಸೌಲಭ್ಯ ಕೆಲಸ ಮಾಡದಿದ್ದರೆ ವೈ-ಫೈ ಪ್ಯಾಕ್ ಅದನ್ನು ತಂದುಕೊಡುವುದಿಲ್ಲ. ಲಾರಿ ಅಂಗಳದಲ್ಲೇ ನಿಲ್ಲುತ್ತದೆ, ತಡವಾದ ತೆರಿಗೆಗೆ ವಾರ್ಷಿಕ ಶೇ. 18ರ ದರದಲ್ಲಿ ಬಡ್ಡಿ ಓಡುತ್ತದೆ, ಹಡಗಿನ ಮೇಲೆ ಮನೆಯವರ ಮುಖ ಸಪ್ಪಗಾಗುತ್ತದೆ.

ಇಲ್ಲಿ ದುಬಾರಿಯಾಗಿ ಪರಿಣಮಿಸಿದ್ದು ಇಡೀ ವ್ಯವಹಾರವನ್ನು ಒಂದು ಕಿಸೆಯೊಳಗಿನ ಫೋನಿಗೆ ಕಟ್ಟಿಹಾಕಿದ ಪದ್ಧತಿ. ತಾನು ಮಾಡುವುದು ಉತ್ತಮ, ಮಗ ಮಾಡುವುದು ಮಧ್ಯಮ, ಆಳು ಮಾಡುವುದು ಹಾಳು ಎಂಬ ಗಾದೆಯ ಮೇಲೆ ಎಷ್ಟೋ ಅಂಗಡಿಗಳು, ಕಾರ್ಖಾನೆಗಳು ಬೆಳೆದಿವೆ. ಆ ಗಾದೆಯಲ್ಲಿ ಅನುಭವದ ಸತ್ಯವಿದೆ; ನಂಬಿ ಕೆಟ್ಟವರ ಉದಾಹರಣೆ ಪ್ರತಿ ಪೇಟೆಯಲ್ಲೂ ಸಿಗುತ್ತದೆ. ಆದರೆ ಹಿಂದಿನವರು ಊರು ಬಿಟ್ಟಾಗ ಅಂಗಡಿಗೆ ಬೀಗ ಹಾಕುತ್ತಿದ್ದರು. ಇಂದು ಹಾಗೆ ಬೀಗ ಹಾಕಲು ಆಗದು. ಗಡುವುಗಳು ಕಾಯುವುದಿಲ್ಲ. ಎಲ್ಲವನ್ನೂ ತಾನೇ ಮಾಡುವವನು ಏಳು ದಿನ ಸಮುದ್ರದಲ್ಲಿದ್ದರೆ ಸಂಸ್ಥೆಯೂ ಏಳು ದಿನ ಸಮುದ್ರದಲ್ಲಿರುತ್ತದೆ. ಏಳು ದಿನದ ವಿಹಾರದಲ್ಲಿ ಒದಗುವ ತೊಂದರೆ, ಏಳು ವಾರದ ಅನಾರೋಗ್ಯದಲ್ಲಿ ಎಷ್ಟಾದೀತು ಎಂಬುದನ್ನೂ ಯೋಚಿಸಬೇಕು.

ಹಾಗೆಂದು ಒಟಿಪಿ ಬರುವ ಸಿಮ್ಮನ್ನೋ ಡಿಜಿಟಲ್ ಸಹಿಯ ಟೋಕನ್ನನ್ನೋ ಪಿನ್ ಸಮೇತ ಗುಮಾಸ್ತನ ಕೈಗೆ ಕೊಟ್ಟು ಹೋಗುವುದು ಪರಿಹಾರವಲ್ಲ. ಅದು ಸಹಿ ಹಾಕಿದ ಖಾಲಿ ಚೆಕ್ಕು ಕೊಟ್ಟಂತೆ. ಕ್ರಮಬದ್ಧವಾದ ಮಾರ್ಗಗಳಿವೆ. 2025ರ ಏಪ್ರಿಲ್ 1ರಿಂದ ಇ-ವೇ ಬಿಲ್ ಮತ್ತು ಇ-ಇನ್‌ವಾಯ್ಸ್ ಪೋರ್ಟಲುಗಳಲ್ಲಿ ಎರಡು ಹಂತದ ದೃಢೀಕರಣ ಎಲ್ಲ ತೆರಿಗೆದಾರರಿಗೂ ಕಡ್ಡಾಯವಾಗಿದೆ. ಅಲ್ಲಿ ನೌಕರರಿಗೆ ಉಪ-ಬಳಕೆದಾರರ ಖಾತೆ ತೆರೆದುಕೊಡಬಹುದು. ಅವರ ಒಟಿಪಿ ಅವರವರ ಫೋನಿಗೇ ಹೋಗುತ್ತದೆ, ಯಾರು ಯಾವ ಬಿಲ್ ಮಾಡಿದರೆಂಬ ದಾಖಲೆಯೂ ಉಳಿಯುತ್ತದೆ. ಜಿಎಸ್‌ಟಿ ನೋಂದಣಿಯಲ್ಲಿ ಮಾಲೀಕರ ಜೊತೆಗೆ ಮಗನನ್ನೋ ಮಗಳನ್ನೋ ನಂಬಿಕಸ್ಥ ವ್ಯವಸ್ಥಾಪಕರನ್ನೋ ಅಧಿಕೃತ ಸಹಿದಾರರನ್ನಾಗಿ ಸೇರಿಸಬಹುದು. ಬ್ಯಾಂಕಿನಲ್ಲಿ ಒಬ್ಬರು ಪಾವತಿ ಸಿದ್ಧಪಡಿಸಿ ಇನ್ನೊಬ್ಬರು ಅನುಮೋದಿಸುವ ಏರ್ಪಾಡನ್ನು ಮೊತ್ತದ ಮಿತಿಯೊಡನೆ ಮಾಡಿಕೊಳ್ಳಬಹುದು. ಇವುಗಳಿಗೆ ಬೇಕಾಗುವುದು ಪ್ರವಾಸಕ್ಕೆ ಮುಂಚಿನ ಒಂದೆರಡು ವಾರಗಳ ತಯಾರಿ. ಪ್ರವಾಸದ ದಿನಾಂಕ ನಿಗದಿಪಡಿಸುವಾಗ ಟಿಡಿಎಸ್‌ನ 7, ಜಿಎಸ್‌ಟಿಆರ್-1ರ 11, ಜಿಎಸ್‌ಟಿಆರ್-3ಬಿಯ 20 ಎಂಬ ದಿನಾಂಕಗಳನ್ನು ಎದುರಿಗಿಟ್ಟುಕೊಂಡರೆ ಅರ್ಧ ಸಮಸ್ಯೆ ಆಗಲೇ ಪರಿಹಾರವಾಗುತ್ತದೆ.

ಇಷ್ಟಾದ ಮೇಲೆ ಹಡಗಿನಲ್ಲಿ ಇಂಟರ್‌ನೆಟ್ ಬೇಡವೇ ಎಂದರೆ, ಮಿತವಾಗಿ ಬೇಕು. ವಿಮೆಯ ಕಂತಿನಂತೆ ಅದನ್ನು ನೋಡಬೇಕು. ಅನೇಕ ಕಂಪನಿಗಳು ಯಾನಕ್ಕೆ ಮುಂಚೆ ಕೊಂಡವರಿಗೆ ರಿಯಾಯಿತಿ ಕೊಡುತ್ತವೆ; ಕೆಲವು 24 ಗಂಟೆಗಳ ಪಾಸನ್ನೂ ಮಾರುತ್ತವೆ. ಇಡೀ ಕುಟುಂಬಕ್ಕೆ ಒಂದೇ ಸಾಧನದ ಪ್ಯಾಕ್ ಸಾಕಾಗಬಹುದು. ಬಂದರಿನಲ್ಲಿ ಇಳಿದಾಗ ಆ ದೇಶದ ರೋಮಿಂಗ್ ಪ್ಯಾಕ್ ಉಪಯೋಗಕ್ಕೆ ಬರುತ್ತದೆ. ದಿನಕ್ಕೊಮ್ಮೆ ಗೊತ್ತಾದ ವೇಳೆಯಲ್ಲಿ ಅರ್ಧ ಗಂಟೆ ಸಂದೇಶ ನೋಡುವುದೆಂದು ಕಚೇರಿಗೆ ತಿಳಿಸಿ ಹೋದರೆ ಉಳಿದ ವೇಳೆ ಮನೆಯವರಿಗೆ ಸಲ್ಲುತ್ತದೆ.

ಮೇಲಿನ ಲೆಕ್ಕದ 26,241 ರೂಪಾಯಿ ಒಂದು ರಜೆಗೆ ಮುಗಿಯುವ ವೆಚ್ಚ. ಅಧಿಕಾರ ಹಂಚಿಕೊಳ್ಳದ ವ್ಯವಹಾರ ತೆರುವ ವೆಚ್ಚವಾದರೋ ಯಾವ ಬಿಲ್ಲಿನಲ್ಲೂ ನಮೂದಾಗದೆ ಪ್ರತಿ ವರ್ಷ ಮುಂದಿನ ವರ್ಷಕ್ಕೆ ಸಾಗುತ್ತದೆ. ಮುಂದಿನ ಪ್ರವಾಸದ ಟಿಕೆಟ್ ಕಾಯ್ದಿರಿಸುವ ಮುನ್ನ, ತನ್ನ ಫೋನು ಮೂರು ದಿನ ಆಫ್ ಆಗಿದ್ದರೆ ಸಂಸ್ಥೆಯಲ್ಲಿ ಏನೇನು ನಿಲ್ಲುತ್ತದೆ ಎಂಬ ಪಟ್ಟಿಯನ್ನು ಪ್ರತಿಯೊಬ್ಬ ಉದ್ಯಮಿಯೂ ಒಂದು ಹಾಳೆಯ ಮೇಲೆ ಬರೆದು ನೋಡುವುದು ಉಚಿತ. ಆ ಪಟ್ಟಿಯನ್ನು ಚಿಕ್ಕದು ಮಾಡುವ ಕೆಲಸ ದಡದಲ್ಲೇ ಮುಗಿಯಬೇಕು.